ದೋಣಿಯ ಹಿಂದಿನ ಸೀಟು

ತಂಗಿಯನ್ನು ಕರೆಸಿಕೊಂಡವಳು ಆರ್ಡಿಸಳೇ. ವಸಂತದ ಕೊನೆಯಲ್ಲಿ ದೋಣಿಕಟ್ಟೆಯ ಒದ್ದೆ ಹಲಗೆಯ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಮೊಣಕೈವರೆಗೆ ಪ್ಲಾಸ್ಟರ್ ಹಾಕಿದ ವೈದ್ಯೆ, ಅದನ್ನು ಬಿಚ್ಚುವ ತನಕ ಭಾರ ಎತ್ತಬಾರದು, ಮೀನಿಗೂ ಹೋಗಬಾರದು ಎಂದಿದ್ದಳು. ಸ್ಪೋಕೇನ್ ನಗರದಲ್ಲಿ, ಗಂಡ ತೀರಿದ ಮೇಲೆ ಒಂಟಿಯಾಗಿದ್ದ ಡೆಲ್ಲಾ ಫೋನು ಇಟ್ಟ ಮರುದಿನವೇ ಪಾಂಡೊರೆ ಸರೋವರದ ದಂಡೆಗೆ ಬಂದು ಕಾರಿನಿಂದಿಳಿದಳು. ಅಡಿಗೆ ಮಾಡುವುದು, ಪಾತ್ರೆ ತೊಳೆಯುವುದು, ಅಕ್ಕನ ತಲೆ ಬಾಚುವುದು, ಇಷ್ಟಕ್ಕೆಂದು ಬಂದವಳು.

ಮೊದಲ ವಾರ ಅಷ್ಟೇ ಮಾಡಿದಳು. ಜೂನ್ ಬಂತು. ಕೊಕನಿ ಮೀನುಗಳು ಕೊಲ್ಲಿಯ ಬಾಯಿಗೆ ಬಂದಿವೆಯೆಂದು ಪಕ್ಕದ ಮನೆಯ ಓರ್ವಿಲ್ ಬೇಲಿಯಾಚೆಯಿಂದ ಕೂಗಿ ಹೇಳಿದ. ಆ ದಿನವಿಡೀ ಆರ್ಡಿಸಳ ಗಂಡ ಹಾರ್ಲನ್ ಕಿಟಕಿಗೂ ಬಾಗಿಲಿಗೂ ಓಡಾಡಿದ. ಊಟಕ್ಕೆ ಕೂತಾಗ ತಟ್ಟೆಯ ಕಡೆ ನೋಡುತ್ತ, "ಬಲೆ ಹಿಡಿಯೋಕೆ ಒಬ್ರು ಬೇಕಲ್ಲ" ಎಂದ.

"ನಾನು ಬರ್ಲಾ ಬೇಕಾದ್ರೆ?" ಎಂದಳು ಡೆಲ್ಲಾ.

ಆರ್ಡಿಸ್ ನಕ್ಕಳು. "ನೀನಾ? ಮೀನು ಮುಟ್ಟಿದ್ರೆ ಕೈ ನಾರುತ್ತೆ ಅಂತ ಅಳ್ತಿದ್ದೋಳು!"

"ಆಗ ನಂಗೆ ಒಂಬತ್ತು ವರ್ಷ ಕಣೇ."

ಹಾರ್ಲನ್ ಆರ್ಡಿಸಳ ಕಡೆ ನೋಡಿದ. ಬೇಡ ಎನ್ನಲು ಕಾರಣವೊಂದೂ ಸಿಗದೆ ಅವಳು, "ಹೋಗಿ, ನಂಗೇನು" ಎಂದಳು.

ಮದುವೆಯಾದಾಗಿನಿಂದ ಆ ಅಲ್ಯೂಮಿನಿಯಂ ದೋಣಿಯಲ್ಲಿ ಹಾರ್ಲನ್ ಹಿಂದಿನ ಸೀಟಿನಲ್ಲಿ ಮೋಟರಿನ ಬಳಿ, ಅವನ ಎದುರಿಗೆ ಆರ್ಡಿಸ್. ದೋಣಿ ನಡೆಯುವವರ ವೇಗಕ್ಕಿಂತ ನಿಧಾನವಾಗಿ ಹೋಗಬೇಕು. ಸೀಸದ ಗುಂಡು ದಾರವನ್ನು ಆಳಕ್ಕೆ ಒಯ್ಯುತ್ತದೆ. ಅಲ್ಲಿ ಹೊಳೆಯುವ ತಗಡು, ಅದರ ಹಿಂದೆ ಗುಲಾಬಿ ಬಣ್ಣದ ರಬ್ಬರ್ ಕುಚ್ಚು, ಕೊಕ್ಕೆಗೆ ಬೆಳ್ಳುಳ್ಳಿ ಎಣ್ಣೆಯಲ್ಲಿ ನೆನೆದ ಜೋಳದ ಒಂದು ಕಾಳು. ಸಮುದ್ರವನ್ನೇ ಕಾಣದ ಈ ಸಾಲ್ಮನ್ನಿನ ಬಾಯಿ ಹಾಳೆಯಷ್ಟು ತೆಳು. ಜೋರಾಗಿ ಎಳೆದರೆ ಹರಿಯಿತು, ಮೀನು ಹೋಯಿತು. ದೋಣಿಯ ಹತ್ತಿರ ಬಂದು ಬುಗುರಿಯಂತೆ ಸುತ್ತುವಾಗ ಬಲೆಯನ್ನು ನೀರೊಳಗೇ ತಗ್ಗಿಸಿಟ್ಟು ಅದರ ತಲೆ ತಾನಾಗಿ ಒಳಗೆ ಬರುವಂತೆ ಮಾಡಬೇಕು. ಅದು ಆರ್ಡಿಸಳ ಕೈಯ ಕೆಲಸವಾಗಿತ್ತು. ಹಾರ್ಲನ್ "ಬಲೆ" ಎನ್ನುವನು, ಅವಳು ಹಿಡಿಯುವಳು. ಬೇರೆ ಮಾತಿರಲಿಲ್ಲ, ಬೇಕೆಂದೂ ಅನಿಸಿರಲಿಲ್ಲ.

ಈಗ ಅವಳು ಜಗಲಿಯ ಕುರ್ಚಿಯಲ್ಲಿ ದುರ್ಬೀನು ಹಿಡಿದು ಕೂತಳು. ಡೆಲ್ಲಾಳ ಕೆಂಪು ಟೋಪಿ ದೂರದಿಂದಲೇ ಕಾಣುತ್ತಿತ್ತು. ಅದನ್ನಾದರೂ ಸಹಿಸಬಹುದಿತ್ತು. ಬೆಳಗಿನ ನೀರಿನ ಮೇಲಿಂದ ಹಾರ್ಲನ್ ನಗುವ ಸದ್ದು ತೇಲಿಬಂದಾಗ ಅವಳು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು. ದೋಣಿಯಲ್ಲಿ ಮಾತಾಡಿದರೆ ಮೀನು ಓಡುತ್ತದೆಂದು ಅವಳಿಗೆ ಹೇಳಿಕೊಟ್ಟವನು ಅವನೇ.

ಬುಟ್ಟಿ ತುಂಬ ಬೆಳ್ಳಿಬಣ್ಣದ ಮೀನು ತಂದರು. ಡೆಲ್ಲಾ ಜೋಳದ ಹಿಟ್ಟಿನಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಹುರಿದಳು.

"ಆರ್ಡಿಸ್, ಇವ್ಳು ಬಲೆ ಹಿಡಿಯೋದು ನೋಡ್ಬೇಕಿತ್ತು ನೀನು," ಎಂದ ಹಾರ್ಲನ್, ಬಾಯಿತುಂಬ ಮೀನಿಟ್ಟುಕೊಂಡು. "ಒಂದೇ ಒಂದು ತಪ್ಪಿಸ್ಕೊಂಡ್ತು ಅಷ್ಟೇ."

"ಮೊದಲ ದಿನ ನನ್ನ ಕೈಲಿ ಒಂದೂ ತಪ್ಪಿಸ್ಕೊಂಡಿರ್ಲಿಲ್ಲ."

"ನಿಂಗೆ ಸಿಕ್ಕಿದ್ದೇ ಒಂದಲ್ವೇನೆ?"

ಡೆಲ್ಲಾ ಬಿದ್ದು ಬಿದ್ದು ನಕ್ಕಳು. ಆರ್ಡಿಸ್ ಎಡಗೈಯಲ್ಲಿ ಮುಳ್ಳು ಬಿಡಿಸುತ್ತ ತಲೆ ಎತ್ತಲಿಲ್ಲ.

ಆ ಸಂಜೆ ಅವಳೊಂದು ಹುಚ್ಚು ಕೆಲಸ ಮಾಡಿದಳು. ಕೊಕ್ಕೆಯ ಜೋಳ ನೆನೆಹಾಕುವುದು ಇನ್ನೂ ಅವಳ ಪಾಲಿಗೇ ಉಳಿದಿತ್ತು. ಬೆಳ್ಳುಳ್ಳಿ ಎಣ್ಣೆ ಹಾಕಲಿಲ್ಲ. ಪಾತ್ರೆ ತೊಳೆಯುವ ಸೋಪಿನ ನೀರು ನಾಲ್ಕು ಹನಿ ಬಿಟ್ಟು ಮುಚ್ಚಳ ಮುಚ್ಚಿದಳು. ಸೋಪಿನ ವಾಸನೆಗೆ ಕೊಕನಿ ಹತ್ತಿರವೂ ಸುಳಿಯುವುದಿಲ್ಲ ಎಂಬುದು ಸರೋವರದವರಿಗೆಲ್ಲ ಗೊತ್ತು. ಮರುದಿನ ಅವರು ಬೇಗನೆ ವಾಪಸು ಬಂದಾಗ ಅವಳಿಗೆ ಖುಷಿಯಾಯಿತು. ಆದರೆ ಬೇಗ ಬಂದದ್ದು ಬುಟ್ಟಿ ತುಂಬಿದ್ದಕ್ಕೆ.

"ಅದೇನು ಹಾಕಿದ್ಯೇ ಜೋಳಕ್ಕೆ?" ಎಂದ ಹಾರ್ಲನ್. "ಮುಗಿಬಿದ್ವು! ನಾಳೆಗೂ ಅದನ್ನೇ ಹಾಕು."

ಆರ್ಡಿಸ್ ಡಬ್ಬಿಯನ್ನು ಅವನ ಕೈಯಿಂದ ಕಿತ್ತುಕೊಂಡು ಒಳಗೆ ಹೋದಳು.

ಹೀಗೆ ದಿನಗಳು ಹೋದವು. ಒಂದು ಬೆಳಿಗ್ಗೆ ಎಂದಿನಂತೆ ದುರ್ಬೀನು ಹಿಡಿದು ಕೂತಿದ್ದಳು. ಡೆಲ್ಲಾ ಎದ್ದು ನಿಂತಿದ್ದಳು, ಅವಳ ಕೈಯಲ್ಲಿ ಗಾಳದ ಕೋಲು ಬಿಲ್ಲಾಗಿತ್ತು. ಹಾರ್ಲನ್ ತಾನೇ ಬಲೆ ಹಿಡಿದು ಬಾಗಿದ. ಬಿಸಿಲು ನೀರಿನ ಮೇಲೆ ಫಳಕ್ಕೆಂದಿತು, ಅವಳು ಕಣ್ಣು ಮುಚ್ಚಿ ತೆರೆದಳು. ಮತ್ತೆ ನೋಡಿದರೆ ದೋಣಿಯ ಮೇಲೆ ಯಾರ ತಲೆಯೂ ಇಲ್ಲ. ಅಂಚಿನ ಕೆಳಗೆ ಕೆಂಪು ಟೋಪಿಯ ತುದಿ ಮಾತ್ರ ಅಲುಗುತ್ತಿತ್ತು.

ಇಬ್ಬರೂ ದೋಣಿಯೊಳಗೆ ಮಲಗಿದ್ದಾರೆ.

ಹಾಗೆಂದೇ ಅವಳಿಗೆ ಅನಿಸಿತು. ದುರ್ಬೀನನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. ಇಡೀ ಊರಿನ ಕಣ್ಣೆದುರು, ನನ್ನ ದೋಣಿಯಲ್ಲಿ, ನನ್ನ ತಂಗಿ. ಇಂದೇ ಅವಳ ಪೆಟ್ಟಿಗೆ ಕಾರಿಗೆ ಹಾಕಿ ಕಳಿಸುತ್ತೇನೆ. ಅವನನ್ನೂ ಬೇಕಾದರೆ ಜೊತೆಗೇ ಕಳಿಸುತ್ತೇನೆ. ಹೇಳಬೇಕಾದ ಮಾತುಗಳನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿ, ಇನ್ನೊಮ್ಮೆ ಕಣ್ಣಾರೆ ನೋಡಿಬಿಡೋಣವೆಂದು ದುರ್ಬೀನು ಎತ್ತಿದಳು.

ದೋಣಿ ಗುಂಡಗೆ ಸುತ್ತುತ್ತಿತ್ತು. ಮೋಟರು ಓಡುತ್ತಲೇ ಇತ್ತು, ಹಿಡಿದವರಿಲ್ಲ. ಅದು ತಿರುಗಿದಾಗ ಆಚೆಯ ಪಕ್ಕ ಕಂಡಿತು. ಡೆಲ್ಲಾ ಅಂಚಿನ ಮೇಲೆ ಬೋರಲು ಬಿದ್ದಿದ್ದಳು. ಅವಳ ಎರಡೂ ಕೈ ನೀರಿನಲ್ಲಿದ್ದವು. ಕೈಯ ತುದಿಗೆ ಹಾರ್ಲನ್ನನ ತಲೆ.

ಆರ್ಡಿಸ್ ಮೆಟ್ಟಿಲು ಹೇಗೆ ಇಳಿದಳೋ ಅವಳಿಗೇ ನೆನಪಿಲ್ಲ. ಓರ್ವಿಲ್ ಮನೆಯಲ್ಲಿರಲಿಲ್ಲ, ಆದರೆ ಅವನ ದೋಣಿಯ ಕೀಲಿ ಅದರಲ್ಲೇ ನೇತಾಡುತ್ತಿರುತ್ತದೆ. ಎಡಗೈಯಲ್ಲಿ ಹಗ್ಗ ಬಿಚ್ಚಿ, ಎಡಗೈಯಲ್ಲೇ ಕೀಲಿ ತಿರುಗಿಸಿ, ಪ್ಲಾಸ್ಟರಿನ ಕೈಯನ್ನು ಸ್ಟೀರಿಂಗಿಗೆ ಒತ್ತಿಹಿಡಿದು ಕೊಲ್ಲಿಯ ಬಾಯಿಗೆ ಹೊರಟಳು.

"ಕೈ ಬಿಟ್ಟುಹೋಗ್ತಿದೆ ಕಣೇ!" ಡೆಲ್ಲಾಳ ಕೂಗು ಮೋಟರಿನ ಸದ್ದಿನ ಮೇಲೂ ಕೇಳಿಸಿತು. "ಬೇಗ ಬಾರೇ!"

ಆರ್ಡಿಸ್ ಸುತ್ತುತ್ತಿದ್ದ ದೋಣಿಯ ಖಾಲಿ ಪಕ್ಕಕ್ಕೆ ತನ್ನ ದೋಣಿಯನ್ನು ತಾಗಿಸಿ, ಲಂಗರಿನ ಹಗ್ಗ ಎಳೆದುಕೊಂಡು ಅದರೊಳಗೆ ಹಾರಿದಳು. ಮೋಟರು ನಿಲ್ಲಿಸಿದಳು. ಹಾರ್ಲನ್ನನ ತುಟಿ ನೀಲಿಗಟ್ಟಿತ್ತು, ಕಣ್ಣು ಅರ್ಧ ಮುಚ್ಚಿತ್ತು. ಡೆಲ್ಲಾ ಅವನ ಅಂಗಿಯ ಕೊರಳುಪಟ್ಟಿಯನ್ನೂ ಪ್ಯಾಂಟಿನ ಭುಜದ ಪಟ್ಟಿಯನ್ನೂ ಹಿಡಿದಿದ್ದಳು. ಎಳೆದರೆ ಬರುವ ಆಳಲ್ಲ ಅವನು. ಆರ್ಡಿಸ್ ಹಗ್ಗಕ್ಕೆ ದೊಡ್ಡ ಕುಣಿಕೆ ಹಾಕಿ ನೀರಿಗೆ ಇಳಿಬಿಟ್ಟು, ತುದಿಯನ್ನು ಸೀಟಿಗೆ ಬಿಗಿದಳು.

"ಹಾರ್ಲನ್! ಕಾಲು ಇದರೊಳಗೆ ಹಾಕು. ಮೆಟ್ಟಿಲು ಅಂದ್ಕೋ. ಹಾಕೋ ಮಾರಾಯಾ, ನಿಂತ್ಕೋ!"

ಎರಡು ಸಲ ಕಾಲು ತಪ್ಪಿತು. ಮೂರನೆಯ ಸಲ ನಿಂತ. ಅವನ ಕಂಕುಳಿಗೆ ಪ್ಲಾಸ್ಟರಿನ ಕೈ ಕೊಟ್ಟು ಅವಳು ಹಿಂದಕ್ಕೆ ವಾಲಿದಳು. ಪ್ಲಾಸ್ಟರು ಚಟ್ ಎಂದಿತು, ನೋವು ಹೆಗಲವರೆಗೆ ಏರಿತು. ಮೂವರೂ ದೋಣಿಯ ತಳದಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು.

ಮನೆಯಲ್ಲಿ ಒಲೆಗೆ ಸೌದೆ ತುಂಬಿ ಹಾರ್ಲನ್ನನಿಗೆ ಇದ್ದಬದ್ದ ಕಂಬಳಿ ಹೊದಿಸಿದರು. ನಡುಕ ನಿಂತು ಮಾತು ಬಂದ ಮೇಲೆ ಅವನು ಮಾಡಿದ ಮೊದಲ ಕೆಲಸ, ಡೆಲ್ಲಾಳ ಮಡಚಿಕೊಂಡ ಬೆರಳುಗಳನ್ನು ತನ್ನ ಅಂಗೈಯಲ್ಲಿಟ್ಟು ಉಜ್ಜಿದ್ದು. "ಬಿಡ್ಲಿಲ್ಲ ನೋಡು ಇವ್ಳು," ಎಂದ. "ಬಿಡ್ಲೇ ಇಲ್ಲ."

ಆರ್ಡಿಸ್ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು. ಅವನು ಬದುಕಿದ್ದಾನೆ. ಆದರೂ ಆ ಬೆರಳುಗಳು ತನ್ನವಾಗಿರಬೇಕಿತ್ತೆಂದು ಅವಳ ಜೀವ ಉರಿಯಿತು.

ಅವನು ನಿದ್ದೆಹೋದ ಮೇಲೆ ಅಕ್ಕತಂಗಿಯರು ಅಡಿಗೆಮನೆಯಲ್ಲಿ ಕಾಫಿ ಮುಂದಿಟ್ಟುಕೊಂಡು ಕೂತರು.

"ಯಾಕೇ ಅಷ್ಟು ತಡ ಮಾಡ್ದೆ?" ಎಂದಳು ಡೆಲ್ಲಾ. "ದಿನಾ ನಿನ್ನ ದುರ್ಬೀನಿನ ಗಾಜು ಬಿಸಿಲಿಗೆ ಮಿಂಚೋದು ನಮಗೆ ಕಾಣ್ತಿತ್ತು. ನೋಡ್ತಿದ್ದಾಳೆ, ಬಂದೇ ಬರ್ತಾಳೆ ಅಂತ ಹಿಡ್ಕೊಂಡಿದ್ದೆ."

ಆರ್ಡಿಸ್ ಬಿರುಕು ಬಿಟ್ಟ ಪ್ಲಾಸ್ಟರನ್ನು ಸವರಿದಳು. "ನೀವಿಬ್ರೂ ಮಲಗಿದೀರಿ ಅಂದ್ಕೊಂಡೆ."

ಡೆಲ್ಲಾಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವಳು ನಗಲಿಲ್ಲ. ಬಟ್ಟಲನ್ನು ಕುಕ್ಕಿದಳು.

"ಅವನ ಜೊತೆನಾ? ಅವನ ಹತ್ರ ಕೂತ್ರೆ ಬೆಳ್ಳುಳ್ಳಿ ಗಬ್ಬು ಬಡಿಯುತ್ತೆ. ಕೇಳು, ಅವನು ದೋಣೀಲಿ ಏನು ಮಾತಾಡ್ತಾನೆ ಗೊತ್ತಾ? 'ಆರ್ಡಿಸ್ ಆಗಿದ್ರೆ ಬಲೆ ಇನ್ನೂ ಕೆಳಗೆ ಹಿಡೀತಿದ್ಲು. ಆರ್ಡಿಸ್ ಒಂದ್ಸಲ ಬಲೆ ಸಮೇತ ಬಿದ್ಲು.' ನಗೋದೆಲ್ಲ ನಿನ್ನ ಕತೆ ಹೇಳ್ಕೊಂಡೇ. ನನ್ನ ಗಂಡ ಬದುಕಿದ್ದಷ್ಟು ದಿನ ನನ್ನ ಬಗ್ಗೆ ಅಷ್ಟು ಮಾತು ಯಾರ ಹತ್ರಾನೂ ಆಡಿದೋನಲ್ಲ." ಅವಳು ಬಟ್ಟಲನ್ನು ಆಚೆ ತಳ್ಳಿದಳು. "ನೀರಿಗೆ ಬಿದ್ದೋನು ಯಾರನ್ನ ಕೂಗ್ದ ಅಂದ್ಕೊಂಡೆ? ಹಿಡಿದಿದ್ದು ನಾನು. ಕೂಗಿದ್ದು ನಿನ್ನ."

ಆರ್ಡಿಸ್ ಎದ್ದು ತಂಗಿಯ ಬಟ್ಟಲಿಗೆ ಇನ್ನಷ್ಟು ಕಾಫಿ ಸುರಿದಳು.

ಹೊಸ ಪ್ಲಾಸ್ಟರ್ ಹಾಕಿಸಿಕೊಂಡ ಮೇಲೆ, ವೈದ್ಯೆಯ ಮಾತು ಲೆಕ್ಕಿಸದೆ ಅವಳೂ ದೋಣಿ ಹತ್ತಿದಳು. ಹಾರ್ಲನ್ನನಿಗೆ ಜೀವರಕ್ಷಕ ಜಾಕೆಟ್ ತೊಡಿಸಿ ನಡುವೆ ಕೂರಿಸಿದರು. ಬಲೆ ಡೆಲ್ಲಾಳ ಕೈಯಲ್ಲಿ. ಉಳಿದದ್ದು ಮೋಟರಿನ ಹಿಡಿ, ಅದಕ್ಕೆ ಒಂದು ಕೈ ಸಾಕು. ಆರ್ಡಿಸ್ ಅದನ್ನು ಹಿಡಿದು ದೋಣಿಯನ್ನು ಹಾವಿನಂತೆ ಎಡಕ್ಕೂ ಬಲಕ್ಕೂ ಬಳುಕಿಸುತ್ತ ನಡೆಸಿದಳು. ಡೆಲ್ಲಾ ಸುತ್ತುತ್ತಿದ್ದ ಮೀನೊಂದನ್ನು ನೀರು ಅಲುಗದಂತೆ ಬಲೆಗೆ ತಂದಾಗ ಆರ್ಡಿಸಳ ಒಳಗೆ ಮತ್ತೆ ಚುರ್ರೆಂದಿತು. "ಚೆನ್ನಾಗಿ ಹಿಡಿದೆ" ಎಂದಳು, ಗಂಟಲಿನಿಂದ ಮುಳ್ಳು ತೆಗೆದಂತೆ.

ಡೆಲ್ಲಾ ಜುಲೈನಲ್ಲಿ ಊರಿಗೆ ಹೋದಳು. ಆರ್ಡಿಸಳ ಕೈ ಸರಿಹೋಯಿತು. ಮೋಟರಿನ ಬಳಿಯ ಜಾಗವನ್ನು ಹಾರ್ಲನ್ ವಾಪಸು ಕೇಳಿದ, ಅವಳು ಕೊಡಲಿಲ್ಲ. ಈಗ "ಬಲೆ" ಎನ್ನುವವಳು ಅವಳು.

ಭಾನುವಾರ ಡೆಲ್ಲಾ ಫೋನು ಮಾಡುತ್ತಾಳೆ. "ಮೀನು ಹೇಗಿದೆಯೇ? ಬರ್ಲಾ ಒಂದು ವಾರ?"

"ಎಲ್ಲಿ ಮೀನು," ಎನ್ನುತ್ತಾಳೆ ಆರ್ಡಿಸ್, ತೊಟ್ಟಿಯಲ್ಲಿ ತುಂಬಿದ ಮೀನಿನ ಮೇಲೆ ನೀರು ಬಿಡುತ್ತ. "ಈ ವರ್ಷ ಏನೂ ಇಲ್ಲ ಕಣೇ. ಕ್ರಿಸ್ಮಸ್ಸಿಗೆ ಬಾ."