ಒಗೆಯದ ನೈಟಿ

ಮಗು ಅಳುವುದನ್ನು ನಿಲ್ಲಿಸಿದ ದಿನದಿಂದ ಚಂದ್ರಲೇಖಾಳ ತಲೆ ಕೆಟ್ಟಿತು. ಅಳುತ್ತಿದ್ದಾಗ ಏನು ಮಾಡಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೆಲಸ ಬಿಡಬೇಕು, ಅಷ್ಟೇ. ಅಳು ನಿಂತಿತು ನೋಡಿ, ಎಲ್ಲ ಗೋಜಲಾಯಿತು.

ಹೆರಿಗೆ ರಜೆ ಮುಗಿಸಿ ಅವಳು ಹೊಸೂರಿನ ಪಕ್ಕದ ಮೂಕಂಡಪಲ್ಲಿಯ ಕಂಪನಿಗೆ ಮತ್ತೆ ಹೋಗತೊಡಗಿದ ಮೊದಲ ದಿನಗಳಲ್ಲಿ, ಊಟದ ಬಿಡುವಿಗೆ ಸರಿಯಾಗಿ ಮತ್ತಿಗಿರಿಯ ಮನೆಯಿಂದ ಅತ್ತೆ ಮುನಿಗಂಗಮ್ಮನ ಫೋನು ಬರುತ್ತಿತ್ತು. ಅತ್ತೆಯ ಮಾತಿಗಿಂತ ಮುಂಚೆ ಮಗುವಿನ ಕಿರುಚಾಟ ಕೇಳುತ್ತಿತ್ತು. ಬೆಳಿಗ್ಗೆ ಹಿಂಡಿಟ್ಟು ಬಂದ ಹಾಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ಒಳಲೆಯಲ್ಲಿ ಬಾಯಿಗೆ ಹೊಯ್ದರೆ ಮಗು ಅಷ್ಟನ್ನೂ ಅಜ್ಜಿಯ ಮೇಲೆ ಉಗಿಯುತ್ತಿತ್ತಂತೆ. ಆ ಅಳು ಕೇಳಿದರೆ ಸಾಕು, ಇಲ್ಲಿ ಚಂದ್ರಲೇಖಾಳ ಎದೆಯಲ್ಲಿ ಹಾಲು ಜಿನುಗಿ ಯೂನಿಫಾರಂ ಕೋಟು ಒದ್ದೆಯಾಗುತ್ತಿತ್ತು. ಅನ್ನದ ಡಬ್ಬಿ ಮುಚ್ಚಿಟ್ಟು, ಹೆಂಗಸರು ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಅತ್ತು ಬರುತ್ತಿದ್ದಳು.

ಒಂದು ದಿನ ಫೋನು ಬರಲಿಲ್ಲ. ಇವಳೇ ಮಾಡಿದಳು.

"ಕುಡುದ್ಲು, ಮಲಿಕ್ಕಂಡ್ಲು" ಎಂದಳು ಮುನಿಗಂಗಮ್ಮ.

"ಹೆಂಗತ್ತೆ ಕುಡುದ್ಲು?"

"ಹೆಂಗೋ ಕುಡುದ್ಲು ಬುಡು. ಕುಡೀದಿದ್ರೂ ಕಷ್ಟ, ಕುಡುದ್ರೂ ಕಷ್ಟವಾ ನಿಂಗೆ?" ಎಂದು ಇಟ್ಟೇಬಿಟ್ಟಳು.

ಮಾರನೆಯ ದಿನವೂ ಅದೇ ಮಾತು, ಅದರ ಮಾರನೆಯ ದಿನವೂ ಅದೇ. ಬೇರೆ ಯಾರಾದರೂ ಆಗಿದ್ದರೆ ದೇವರಿಗೆ ಕೈ ಮುಗಿದು ನೆಮ್ಮದಿಯಾಗಿ ಊಟ ಮಾಡುತ್ತಿದ್ದರು. ಚಂದ್ರಲೇಖಾ ಮಾತ್ರ ಕಲಸಿದ ಅನ್ನ ಹಾಗೇ ಇಟ್ಟು ಯೋಚಿಸುತ್ತ ಕೂತಳು. ಇಷ್ಟು ದಿನ ಬೇಡವೆಂದ ಮಗು ಒಂದೇ ದಿನದಲ್ಲಿ ಹೇಗೆ ಬೇಕೆಂದಿತು? ಅತ್ತೆ ಬಜೆ ತೇಯ್ದು ಜಾಸ್ತಿ ನೆಕ್ಕಿಸಿ ಮಂಪರು ಬರಿಸುತ್ತಿದ್ದಾಳೋ? ಸಂಜೆ ಬಂದು ಮಗುವಿನ ಬಾಯಿ ಮೂಸಿ ನೋಡಿದಳು. ಹಾಲಿನ ವಾಸನೆ, ರಾಗಿ ಸರಿಯ ವಾಸನೆ, ಅಷ್ಟೇ. ಮಗು ಅವಳ ಮೂಗು ಹಿಡಿದು ನಕ್ಕಿತು. ಅಮ್ಮ ಇಲ್ಲದಿದ್ದರೂ ಮಗುವಿಗೆ ನಡೆಯುತ್ತದೆ ಎನ್ನುವುದು ಖುಷಿಯ ವಿಷಯವೋ ದುಃಖದ ವಿಷಯವೋ ಅವಳಿಗೆ ಬಗೆಹರಿಯಲಿಲ್ಲ.

ಆ ಮಗುವಿನ ಹೆಸರು ಕಾಗದದಲ್ಲಿ ಇಂಚರ, ಮನೆಯಲ್ಲಿ ಗಂಗಿ. ಗಂಗಿ ಎಂದು ಇಟ್ಟವರು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಹೊತ್ತಿಗೆ ನೈಟಿಯ ತಲೆನೋವು ಶುರುವಾಯಿತು.

ನೈಟಿಗೂ ಮುನಿಗಂಗಮ್ಮನಿಗೂ ಆಗಿಬರುತ್ತಿರಲಿಲ್ಲ. ಸೊಸೆ ಮದುವೆಯಾಗಿ ಬಂದ ಹೊಸದರಲ್ಲೇ, "ಅದೇನಮ್ಮಿ ಅದು, ದಿಂಬಿಗೆ ಕವರು ಹಾಕ್ದಂಗೆ?" ಎಂದಿದ್ದಳು. ಎದುರುಮನೆಯ ವರಲಕ್ಷ್ಮಿ ನೈಟಿಯ ಮೇಲೊಂದು ಟವಲು ಹೊದ್ದು ಅಂಗಡಿಗೆ ಹೊರಟರೆ ಮುನಿಗಂಗಮ್ಮ ಮುಖ ತಿರುಗಿಸಿಕೊಂಡು ಬೀದಿಗೆಲ್ಲ ಕೇಳುವಂತೆ ಕೆಮ್ಮುತ್ತಿದ್ದಳು. ತವರಿನಲ್ಲಿ ಬಾಣಂತನ ಮುಗಿಸಿ ಬರುವಾಗ ಚಂದ್ರಲೇಖಾ ಮುಂದುಗಡೆ ಜಿಪ್ಪಿರುವ ಹಸಿರು ನೈಟಿಯೊಂದನ್ನು ತಂದಳು. ಹಾಲು ಕುಡಿಸಲು ಅನುಕೂಲ ಎಂದು ಅತ್ತೆ ಬಾಯಿ ಮುಚ್ಚಿಕೊಂಡಳು. "ಹಾಕ್ಕಂಡು ಹೊಸಲು ದಾಟ್‌ಬ್ಯಾಡ, ನಮ್ಮನೇಗೂ ಒಂದು ಮಾನ ಐತೆ" ಎಂದು ಮಾತ್ರ ಹೇಳಿದಳು.

ಚಂದ್ರಲೇಖಾ ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಆ ನೈಟಿಯನ್ನು ಬಚ್ಚಲಿನ ಬಕೆಟ್ಟಿಗೆ ಹಾಕುತ್ತಿದ್ದಳು. ಹಗಲಿನಲ್ಲಿ ಅತ್ತೆ ಒಗೆದು ಹರವಿದರೆ ಸಂಜೆಗೆ ಒಣಗಿರುತ್ತಿತ್ತು. ಆದರೆ ಈಗೀಗ ಸಂಜೆ ಬಂದು ನೋಡಿದರೆ ಅದು ಕೋಣೆಯ ಮೊಳೆಗೆ ನೇತುಬಿದ್ದಿರುತ್ತಿತ್ತು. ಒಗೆದಿರುತ್ತಿರಲಿಲ್ಲ. ಹಿಂದಿನ ದಿನದ ಹಾಲಿನ ಹುಳಿವಾಸನೆ ಹಾಗೇ ಇರುತ್ತಿತ್ತು. ಅದರ ಮೇಲೆ ಹೆಗಲ ಹತ್ತಿರ ರಾಗಿಯ ಹೊಸ ಕಲೆ.

"ಅತ್ತೆ, ನೈಟಿ ಒಗೀಲಿಲ್ವಾ?"

"ಬಕೀಟ್ನಾಗೆ ಇದ್ರೆ ತಾನೇ ಒಗೆಯೋದು?" ಮುನಿಗಂಗಮ್ಮ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

ಹಾಕಿದ್ದೆನಲ್ಲಾ ಎಂದುಕೊಂಡಳು ಚಂದ್ರಲೇಖಾ. ಹಾಕಿದ್ದೆನಾ? ಅವಳಿಗೇ ಅನುಮಾನ ಬಂತು. ಹೆರಿಗೆಯಾದ ಮೇಲೆ ಅವಳ ನೆನಪು ಜರಡಿಯಾಗಿತ್ತು. ಕಂಪನಿಯ ಗುರುತಿನ ಚೀಟಿ ಅಕ್ಕಿ ಡಬ್ಬದಲ್ಲಿ ಸಿಕ್ಕಿತ್ತು. ಬಾಚಣಿಗೆ ಫ್ರಿಡ್ಜಿನಲ್ಲಿ ಸಿಕ್ಕಿತ್ತು. ಗಂಡ ರಾಮಮೂರ್ತಿಯನ್ನು ಕೇಳಿದರೆ, "ಬಾಣಂತಿ ಮರೆವು ಬುಡು, ಎಲ್ಲಾರ್ಗೂ ಆಗ್ತದೆ" ಎಂದು ಬೈಕು ಒರೆಸಲು ಹೊರಟುಹೋದ. ತಾಯಿ, ಹೆಂಡತಿ ಇಬ್ಬರ ಹೆಸರೂ ಒಂದೇ ಮಾತಿನಲ್ಲಿ ಬಂದರೆ ಅವನ ಬೈಕಿಗೆ ಧೂಳು ಹಿಡಿಯುತ್ತಿತ್ತು.

ಕಂಪನಿಯಲ್ಲಿ ಅವಳ ಕೆಲಸ, ಬೈಕಿನೊಳಗೆ ಹೋಗುವ ವೈರುಗಳನ್ನು ಬೋರ್ಡಿನ ಮೇಲೆ ಹಾಸಿ, ಬಣ್ಣ ನೋಡಿ ಸರಿಯಾದ ತೂತಿಗೆ ಸೇರಿಸಿ, ಟೇಪು ಸುತ್ತುವುದು. ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದವಳು ಆ ವಾರ ಹಸಿರು ವೈರನ್ನು ನೀಲಿಯ ಜಾಗಕ್ಕೆ ಸೇರಿಸಿದಳು. ಲೈನ್ ನೋಡಿಕೊಳ್ಳುವ ತಮಿಳಿನ ಸೆಲ್ವಿ ಅದನ್ನು ಹಿಡಿದು ತಂದು ಮುಂದೆ ಇಟ್ಟಳು.

"ಎನ್ನಮ್ಮಾ ಲೇಖಾ, ಏನಾಯ್ತು ನಿಂಗೆ? ಹೊಸಾ ಲೈನು ಶುರುವಾಗ್ತದೆ. ನಿನ್ ಹೆಸರು ಕೊಡ್ಲಾ ಬೇಡ್ವಾ, ಶನಿವಾರ ಸೊಲ್ಲು. ಬುಡೋದಾದ್ರೆ ಈಗ್ಲೇ ಬುಟ್ಬುಡು. ನಡುವೆ ಬುಟ್ಟೋದ್ರೆ ನನ್ನ ತಲೆ ಉರುಳ್ತದೆ."

"ಹೇಳ್ತೀನಕ್ಕಾ" ಎಂದಳು ಚಂದ್ರಲೇಖಾ. ಏನು ಹೇಳುವುದು? ಮಗು ಅಳುತ್ತಿದೆ, ಬಿಡುತ್ತೇನೆ ಅಂದರೆ ಜನ ಒಪ್ಪುತ್ತಾರೆ. ಮಗು ಅಳುತ್ತಿಲ್ಲ, ಅದಕ್ಕೇ ಬಿಡುತ್ತೇನೆ ಅಂದರೆ ಹುಚ್ಚು ಅನ್ನುತ್ತಾರೆ. ಆದರೆ ಅವಳಿಗೆ ಅನ್ನಿಸುತ್ತಿದ್ದದ್ದು ಅದೇ. ಇನ್ನೂ ಸ್ವಲ್ಪ ದಿನ ಹೀಗೇ ಹೋದರೆ ಮಗು ತನ್ನನ್ನು ಸಂಜೆ ಬರುವ ಯಾರೋ ನೆಂಟರ ಹಾಗೆ ನೋಡೀತು ಎಂದು ಅವಳಿಗೆ ಭಯ.

ಗುರುವಾರ ಅವಳು ಒಂದು ಉಪಾಯ ಮಾಡಿದಳು. ಮಗುವಿನ ವಿಷಯ ಬಗೆಹರಿಯದಿದ್ದರೆ ಬೇಡ, ನೈಟಿಯದಾದರೂ ಬಗೆಹರಿಯಲಿ. ಸ್ನಾನ ಮುಗಿಸಿ ನೈಟಿಯನ್ನು ಬಕೆಟ್ಟಿಗೆ ಹಾಕಿ, ಮೇಲೆ ತುಂಬ ನೀರು ಹೊಯ್ದು, ಸೋಪಿನ ಪುಡಿ ಸುರಿದು, ಕೈಯಾಡಿಸಿ ನೊರೆ ಎಬ್ಬಿಸಿ ಬಂದಳು. ಇನ್ನು ಹೇಗೆ ಮೊಳೆಗೆ ಹೋಗುತ್ತದೋ ನೋಡೋಣ.

ಅವತ್ತು ಊಟದ ಬಿಡುವಿಗೆ ಫೋನು ಬಂತು. ಮಗು ಮೊದಲಿನ ಹಾಗೆ ಕಿರುಚುತ್ತಿತ್ತು. ಸಂಜೆ ಮನೆಗೆ ಬಂದರೆ ಮಗುವಿನ ದನಿ ಒಡೆದುಹೋಗಿತ್ತು. ಮುನಿಗಂಗಮ್ಮ ಕೂದಲು ಕೆದರಿಕೊಂಡು ಗೋಡೆಗೆ ಒರಗಿದ್ದಳು. ಹಗ್ಗದ ಮೇಲೆ ನೈಟಿ ಒಗೆದು ಒಣಗಿ ಗಾಳಿಗೆ ಆಡುತ್ತಿತ್ತು.

"ನೆನೆ ಹಾಕೋಕೆ ಇವತ್ತೇ ಆಗ್ಬೇಕಿತ್ತಾ ನಿಂಗೆ?" ಎಂದಳು ಅತ್ತೆ.

ಚಂದ್ರಲೇಖಾ ಮಗುವನ್ನು ಎತ್ತಿಕೊಂಡು ಪಿಳಿಪಿಳಿ ನೋಡಿದಳು. ಮಗು ಅತ್ತದ್ದಕ್ಕೂ ಬಟ್ಟೆ ನೆನೆಸಿದ್ದಕ್ಕೂ ಏನು ಸಂಬಂಧ? ಅತ್ತೆಗೂ ಮರೆವು ಶುರುವಾಯಿತೇನೋ ಎಂದುಕೊಂಡಳು. ಮನಸ್ಸಿನ ಒಂದು ಮೂಲೆಯಲ್ಲಿ, ಮಗು ಅತ್ತಿತಲ್ಲಾ ಎಂದು ಸಮಾಧಾನವೂ ಆಯಿತು. ಹಾಗೆ ಸಮಾಧಾನವಾದದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

ಶುಕ್ರವಾರ ಊಟದ ಹೊತ್ತಿಗೆ ಲೈನು ನಿಂತಿತು. ಎಲ್ಲಿಂದಲೋ ಬರಬೇಕಿದ್ದ ಮಾಲು ಬಂದಿರಲಿಲ್ಲ. ಮನೆಗೆ ಹೋಗಿ ಎಂದರು. ಷೇರ್ ಆಟೋದಲ್ಲಿ ಮೂರು ಜನರ ನಡುವೆ ಒತ್ತಿಕೊಂಡು ಕೂತಾಗ ಅವಳು ತೀರ್ಮಾನ ಮಾಡಿಬಿಟ್ಟಳು. ನಾಳೆ ಸೆಲ್ವಿ ಅಕ್ಕನಿಗೆ ಹೇಳುವುದು, ಬಿಡುತ್ತೇನೆ ಎಂದು. ಹಾಗೆಂದುಕೊಂಡ ಕೂಡಲೇ ಎದೆ ಹಗುರಾಯಿತು. ಮತ್ತಿಗಿರಿಯಲ್ಲಿ ಇಳಿಯುವಷ್ಟರಲ್ಲಿ ಅಷ್ಟೇ ಭಾರವಾಯಿತು. ಆ ಬೋರ್ಡು, ಆ ಬಣ್ಣಬಣ್ಣದ ವೈರುಗಳು, ಚಹಾದ ಹೊತ್ತಿನ ಹರಟೆ, ಇವೆಲ್ಲ ಬೇಡವೆಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಮನೆಯ ಬಾಗಿಲು ಅರ್ಧ ಮುಚ್ಚಿತ್ತು. ಚಪ್ಪಲಿ ಬಿಟ್ಟು ಮೆಲ್ಲಗೆ ತಳ್ಳಿದಳು. ಕೋಣೆಯಲ್ಲಿ, ಮಂಚದ ಮೇಲೆ, ತಾನು ದಿನಾ ಕೂರುವ ಜಾಗದಲ್ಲಿ, ಬಾಗಿಲಿಗೆ ಬೆನ್ನು ಮಾಡಿಕೊಂಡು ತಾನೇ ಕೂತಿದ್ದಳು.

ಅದೇ ಹಸಿರು ನೈಟಿ, ಹಾಲು ಕುಡಿಸಲು ಹಾಗೇ ಬಾಗಿದ ಬೆನ್ನು. ಒಳಗೆ ಕೂತಿರುವುದು ತಾನಾದರೆ ಬಾಗಿಲಲ್ಲಿ ನಿಂತಿರುವವಳು ಯಾರು? ತನಗೆ ನಿಜಕ್ಕೂ ಬುದ್ಧಿ ಕೆಟ್ಟಿತು ಎಂದೇ ಅವಳು ನಂಬಿದಳು. ಆಮೇಲೆ ನೈಟಿಯ ಕೆಳಗೆ ಇಣುಕುತ್ತಿದ್ದ ಸೀರೆಯ ಅಂಚು ಕಂಡಿತು, ಕತ್ತಿನ ಮೇಲೆ ಬಿಳಿ ಕೂದಲಿನ ತುರುಬು ಕಂಡಿತು.

"ನಾನೇ ಕಣೇ, ನಿಮ್ಮಮ್ಮ" ಎನ್ನುತ್ತಿದ್ದಳು ಮುನಿಗಂಗಮ್ಮ, ಗಂಟಲನ್ನು ಸಣ್ಣಗೆ ಮಾಡಿಕೊಂಡು. "ಕಂಪ್ನಿಯಿಂದ ಬಂದ್ಬುಟ್ಟೆ. ಕುಡ್ಕೊ ನನ್ನ ಬಂಗಾರ, ಕುಡ್ಕೊ."

ಸೀರೆಯ ಮೇಲೇ ನೈಟಿ ಏರಿಸಿಕೊಂಡಿದ್ದಳು. ಅದು ತೋಳಲ್ಲಿ ಬಿಗಿಯಾಗಿ ಈಗಲೋ ಆಗಲೋ ಹರಿಯುವಂತಿತ್ತು. ಮಗು ಅದರ ಎದೆಯ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು, ಮೂಗನ್ನು ಅದರಲ್ಲಿ ಹುದುಗಿಸಿ, ನಡುನಡುವೆ ಒಳಲೆಗೆ ಬಾಯೊಡ್ಡಿ ಗುಟುಕು ಗುಟುಕಾಗಿ ಕುಡಿಯುತ್ತಿತ್ತು.

"ಅತ್ತೆ" ಎಂದಳು ಚಂದ್ರಲೇಖಾ.

ಮುನಿಗಂಗಮ್ಮ ತಿರುಗಿದಳು. ಕಳ್ಳಿ ಸಿಕ್ಕಿಬಿದ್ದ ಮುಖ. "ಬಾಗ್ಲು ಹಾಕಮ್ಮಿ ಮೊದ್ಲು! ಆ ವರಲಕ್ಷ್ಮಿ ನೋಡ್ಬುಟ್ರೆ ನಾನು ಊರು ಬುಡ್ಬೇಕಾಗ್ತದೆ!"

ಚಂದ್ರಲೇಖಾ ಬಾಗಿಲು ಹಾಕಿ ಬಂದ ಮೇಲೆ, ಮುನಿಗಂಗಮ್ಮ ಗೋಡೆ ನೋಡುತ್ತಾ ಹೇಳಿದಳು. "ಅವತ್ತು ಒಗೆಯೋಕೆ ಅಂತ ಎತ್ಕಂಡೆ. ಇವ್ಳು ಅಳ್ತಿದ್ದೋಳು ತೆವಳ್ಕಂಡು ಬಂದು ಅದನ್ನ ತಬ್ಬಿಕಂಡು ಸುಮ್ಕಾದ್ಲು. ಸರಿ ಅಂತ ಹೊದ್ಸಿದೆ. ಬರೀ ಬಟ್ಟೆ ಬ್ಯಾಡ್ವಂತೆ, ಒಳಗೆ ಮನುಷ್ಯರೂ ಬೇಕಂತೆ ನಿನ್ನ ಮಗಳಿಗೆ. ಏನ್ಮಾಡ್ಲಿ, ಹಾಕ್ಕಂಡೆ."

"ಹೇಳ್ಬಾರ್ದಾಗಿತ್ತಾ? ನಂಗೆ ಹುಚ್ಚು ಹಿಡೀತು ಅಂದ್ಕಂಡಿದ್ದೆ."

"ಹೆಂಗೆ ಹೇಳ್ಲಿ? ಇಷ್ಟು ದಿನ ಬಾಯಿ ಬಡ್ಕಂಡಿದೀನಿ, ನೈಟಿ ನೈಟಿ ಅಂತ." ಒಳಲೆಯಲ್ಲಿ ಉಳಿದಿದ್ದ ಹಾಲನ್ನು ಮಗುವಿನ ಬಾಯಿಗೆ ಹೊಯ್ದು ಮತ್ತೆ ಶುರು ಮಾಡಿದಳು. "ನಿನ್ನ ಗಂಡ ಕೂಸಾಗಿದ್ದಾಗ ನಾನು ಕಳೆ ಕೀಳೋಕೆ ಹೋಗ್ತಿದ್ದೆ. ಮರಕ್ಕೆ ಸೀರೆ ಕಟ್ಟಿ ಅದ್ರಾಗೆ ಹಾಕ್ಬುಟ್ರೆ, ಸಾಲು ಮುಗಿಯೋಗಂಟ ತಿರುಗಿ ನೋಡಂಗಿಲ್ಲ. ಕಿರುಚ್ಕಂಡು ಕಿರುಚ್ಕಂಡು ಸುಮ್ಕಾಗೋನು. ಅತ್ರೆ ತಡ್ಕಂತಿದ್ದೆ. ಸುಮ್ಕಾದಾಗ್ಲೇ ನಂಗೆ ಜೀವ ಹೋಗ್ತಿದ್ದಿದ್ದು. ಅವತ್ತು ನನ್ನ ಸೀರೆ ಉಟ್ಕಂಡು ಕೂರೋಕೆ ಯಾರೂ ಇರ್ಲಿಲ್ಲ ಕಣಮ್ಮಿ."

ಚಂದ್ರಲೇಖಾ ಮಗುವಿನತ್ತ ಕೈ ಚಾಚಿದಳು. ಮಗು ಅವಳ ಮುಖ ನೋಡಿತು, ಮೆಷಿನ್ನಿನ, ಟೇಪಿನ ವಾಸನೆ ಹೊಡೆಯುತ್ತಿದ್ದ ಕಂಪನಿಯ ಕೋಟು ನೋಡಿತು, ಅಜ್ಜಿಯ ಮುಖ ನೋಡಿತು. ಹುಬ್ಬು ಗಂಟಿಕ್ಕಿ ಯೋಚಿಸಿ, ಮತ್ತೆ ನೈಟಿಯೊಳಗೇ ಮುಖ ಹುದುಗಿಸಿತು. ಚಂದ್ರಲೇಖಾಳಿಗೆ ಕೆನ್ನೆಗೆ ಹೊಡೆದಂತಾಯಿತು. ಅದು ಹುದುಗಿದ್ದು ತನ್ನ ವಾಸನೆಗೇ ಎಂಬುದು ಹೊಳೆಯಲು ಒಂದು ಗಳಿಗೆ ಬೇಕಾಯಿತು. ಹೊಳೆದ ಮೇಲೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಎರಡನ್ನೂ ಒಟ್ಟಿಗೆ ಮಾಡಿದಳು.

"ಬಿಚ್ಬುಡು ಇದನ್ನ ಮೊದ್ಲು" ಎಂದು ಮುನಿಗಂಗಮ್ಮ ಒದ್ದಾಡಿದಳು. ಜಿಪ್ಪು ಸೀರೆಯ ಸೆರಗಿಗೆ ಸಿಕ್ಕಿಕೊಂಡಿತ್ತು. ಚಂದ್ರಲೇಖಾ ಕೋಟು ಬಿಚ್ಚಿ ಎಸೆದು, ಪಕ್ಕದಲ್ಲಿ ಕೂತು, ಬಾಗಿ ಜಿಪ್ಪು ಬಿಡಿಸತೊಡಗಿದಳು. ನಡುವೆ ಸಿಕ್ಕಿಕೊಂಡ ಮಗು ಆ ಕಡೆ ಮೂಸಿ, ಈ ಕಡೆ ಮೂಸಿ, ಯಾರನ್ನೂ ಬಿಡದೆ ಇಬ್ಬರ ಬಟ್ಟೆಯನ್ನೂ ಒಂದೊಂದು ಮುಷ್ಟಿಯಲ್ಲಿ ಹಿಡಿದುಕೊಂಡಿತು.

ಶನಿವಾರ ಸೆಲ್ವಿ ಕೇಳಿದಳು. "ಏನ್ ಲೇಖಾ, ಬತ್ತೀಯಾ ಬುಡ್ತೀಯಾ?"

"ಗೊತ್ತಿಲ್ಲಕ್ಕಾ."

"ಗೊತ್ತಿಲ್ಲ ಅಂದ್ರೆ ನಾನೇನು ಬರ್ಕೊಳ್ಲಿ?"

"ಗೊತ್ತಿಲ್ಲ. ನನ್ನ ಹೆಸರು ಬರ್ಕೋ."

ಸಂಜೆ ಹೊಸೂರಿನ ಅಂಗಡಿಯೊಂದರಲ್ಲಿ ಅವಳು ಹಸಿರು ಬಣ್ಣದ, ಮುಂದೆ ಜಿಪ್ಪಿರುವ ಇನ್ನೊಂದು ನೈಟಿ ಆರಿಸಿದಳು. "ಇದು ನಿಮ್ಮ ಅಳತೆ ಅಲ್ಲಕ್ಕಾ, ಒಳಗೆ ಇನ್ನೊಬ್ರು ಹಿಡೀತಾರೆ" ಎಂದ ಅಂಗಡಿಯವನು. "ಹಿಡೀಲಿ" ಎಂದಳು ಚಂದ್ರಲೇಖಾ.

ಆ ನೈಟಿಯನ್ನು ಶನಿವಾರ ರಾತ್ರಿಯೂ ಭಾನುವಾರವೂ ಅವಳೇ ತೊಟ್ಟಳು. ಅದರಲ್ಲೇ ಮಗುವಿಗೆ ಹಾಲು ಕುಡಿಸಿದಳು, ಅದರಲ್ಲೇ ಅಡುಗೆ ಮಾಡಿದಳು, ಅದರಲ್ಲೇ ಬೆವರಿದಳು. ಅಂಚು ಕಾಲಿಗೆ ತೊಡರಿ ಎರಡು ಸಲ ಮುಗ್ಗರಿಸಿದಳು. "ಇದೇನೇ ಇದು, ಡೇರೆ?" ಎಂದು ನಕ್ಕ ರಾಮಮೂರ್ತಿ, ತಾಯಿಯ ಮುಖ ನೋಡಿ ಬೈಕು ಒರೆಸಲು ಎದ್ದ. ಮುನಿಗಂಗಮ್ಮ ಒಲೆಯ ಹತ್ತಿರದಿಂದ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. ಅವಳಿಗೆ ಅರ್ಥವಾಯಿತು.

"ತೋಳು ಇನ್ನೊಂಚೂರು ಸಡಿಲ ಇರ್ಬೇಕಾಗಿತ್ತು" ಎಂದಳು.

ಸೋಮವಾರ ಬೆಳಿಗ್ಗೆ ಚಂದ್ರಲೇಖಾ ಹಳೆಯ ಹಸಿರು ನೈಟಿಯನ್ನು ಬಕೆಟ್ಟಿಗೆ ಹಾಕಿ ನೀರು ಹೊಯ್ದಳು. ದೊಡ್ಡದನ್ನು ಒಗೆಯದೆ, ಮಡಿಸದೆ, ಮೊಳೆಗೆ ನೇತುಹಾಕಿದಳು. ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗೆ ಮಗು ಅಳತೊಡಗಿತು. ಆಮೇಲೆ ಅಳು ನಿಂತಿತು. ಅವಳು ಒಂದು ಕಾಲಿನ ಚಪ್ಪಲಿಯಲ್ಲೇ ನಿಂತು ಆ ಸದ್ದಿಲ್ಲದ ಮನೆಗೆ ಕಿವಿಗೊಟ್ಟಳು. ಸಮಾಧಾನವೋ ಸಂಕಟವೋ, ಇವತ್ತೂ ಗೊತ್ತಾಗಲಿಲ್ಲ.

"ನಿಂತ್ಕಂಡು ಏನ್ ನೋಡ್ತೀಯ, ಬಸ್ಸು ಹೋಗ್ಬುಡ್ತದೆ!" ಒಳಗಿನಿಂದ ಮುನಿಗಂಗಮ್ಮನ ದನಿ ಬಂತು. "ಬಾಗ್ಲು ಎಳ್ಕಂಡು ಹೋಗು."

ಚಂದ್ರಲೇಖಾ ಬಾಗಿಲು ಎಳೆದುಕೊಂಡಳು.