ಹಗಲಿಗೆ ಕಾಣದ ಉರಿ

ಸಾಬೂನಿನ ನೊರೆಯನ್ನು ಬೆರಳ ತುದಿಯಿಂದ ಕೊಳವೆಯ ಸಂದಿಗೆ ಮೆತ್ತಿ ನಗ್ವಾ ಕಾದಳು. ಗುಳ್ಳೆ ಏಳಲಿಲ್ಲ. ಇನ್ನೊಂದು ಸಂದಿಗೂ ಮೆತ್ತಿದಳು. ಅಲ್ಲೂ ಏಳಲಿಲ್ಲ. ಕಾವಲುಗಾರ ಬಯ್ಯೂಮಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದ. ಕೊಳವೆಗೆ ಜೋಡಿಸಿದ್ದ ಸಿಲಿಂಡರ್ ಅವನ ಚಹಾದ ಒಲೆಯದು. ಇಬ್ಬರೂ ಅದನ್ನು ಗೋಡೆಯ ಹಿಂದಕ್ಕೆ ಸರಿಸಿ, ಮೇಲೆ ಗೋಣಿತಾಟು ಹೊದಿಸಿದರು.

ಗೋಡೆಯ ಈಚೆಗೆ ಕಸಾಯಿಖಾನೆಯ ಹೊಸ ತೊಟ್ಟಿ. ಹಸಿರು ಬಣ್ಣದ ಗುಮ್ಮಟ. ಕಡಿದ ದನಗಳ ಹೊಲಸು ಅದರೊಳಗೆ ಕೊಳೆತು ಗ್ಯಾಸ್ ಆಗಬೇಕು, ಉಳಿದದ್ದು ಗೊಬ್ಬರವಾಗಬೇಕು. ಆಗಿರಲಿಲ್ಲ. ತೊಟ್ಟಿ ಹಸಿದಿತ್ತು.

ಹೊಲಸು ಎಷ್ಟು ಸಿಗುತ್ತದೆಂದು ಲೆಕ್ಕ ಹಾಕಿದವರು ಹೊರದೇಶದವರು. ಅವರ ಪ್ರಕಾರ ತಲೆ, ಕಾಲು, ಹೊಟ್ಟೆ, ಕರುಳು, ಪುಪ್ಪುಸ ಎಲ್ಲವೂ ಹೊಲಸೇ. ಆ ಲೆಕ್ಕವನ್ನು ಅರಬ್ಬಿ ಭಾಷೆಗೆ ಇಳಿಸಿದವಳು ನಗ್ವಾ. ಇಳಿಸುತ್ತಿದ್ದ ಸಂಜೆ ಅವಳೆದುರಿನ ತಟ್ಟೆಯಲ್ಲಿ ಅಕ್ಕಿ ತುಂಬಿ ಕರಿದ ಕರುಳಿತ್ತು. ಒಂದು ತುಂಡು ತಿಂದು, ಕೈ ಒರೆಸಿಕೊಂಡು, ‘ಕರುಳು: ತ್ಯಾಜ್ಯ’ ಎಂದು ಬರೆದಳು. ವಿಚಿತ್ರವೆನಿಸಲಿಲ್ಲ. ಕಲಿತವರು ಬರೆದದ್ದನ್ನು ಕಲಿತವಳೊಬ್ಬಳು ಇಳಿಸುತ್ತಿದ್ದಳು, ಅಷ್ಟೆ.

ಚೂರಿ ಮಸೆಯುತ್ತಿದ್ದ ಕಸಾಯಿ ಝನಾತಿ ಗುಮ್ಮಟದ ಕಡೆ ತಲೆಯೆತ್ತಿದ.

“ಇಂಜಿನಿಯರಮ್ಮ, ನಿಮ್ಮ ಬಸುರಿ ಯಾವಾಗ ಹೆರ್ತಾಳೆ? ದಿನ ಮೀರಿ ಹೋಯ್ತಲ್ಲ.”

“ಇವತ್ತು.”

“ಬಯ್ಯೂಮಿ ಸಿಲಿಂಡರೇ ಸೂಲಗಿತ್ತೀನಾ?”

ಕೆಲಸದವರು ನಕ್ಕರು. ನಗ್ವಾಳೂ ನಕ್ಕಳು, ಒಂದು ಗಳಿಗೆ ತಡವಾಗಿ. ಕಸಾಯಿಖಾನೆಯ ವಾಸನೆಗೆ ಮಿನಿಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿಯೇ ಇರುತ್ತಿತ್ತು. ತಾಯಿ ಅವಳ ಬಟ್ಟೆಯನ್ನು ಬೇರೆಯಾಗಿ ಒಗೆಯುತ್ತಿದ್ದಳು. ಇದನ್ನೆಲ್ಲ ಗೌರವವೆಂದು ತಿಳಿಯುವುದನ್ನು ಅವಳು ರೂಢಿ ಮಾಡಿಕೊಂಡಿದ್ದಳು.

ಗೇಟಿನ ಬಳಿ ಉಮ್ಮ್ ಶಲಬಿ ಅಲ್ಯೂಮಿನಿಯಂ ಬೋಗುಣಿ ಹಿಡಿದು ನಿಂತಿದ್ದಳು, ಹಿಂದೆ ಇನ್ನಷ್ಟು ಹೆಂಗಸರು. ದಿನವೂ ಹೊಟ್ಟೆ, ಕರುಳು ಒಯ್ದು, ಕಾಲುವೆಯಲ್ಲಿ ತೊಳೆದು, ಜೀರಿಗೆ ಹಾಕಿ ಬೇಯಿಸಿ ಬೀದಿಯಲ್ಲಿ ಮಾರುವವರು ಅವರು. ಉಮ್ಮ್ ಶಲಬಿಯ ಮಗ ಸತ್ತ ಮೇಲೆ ಅವನ ಮಕ್ಕಳು ಉಣ್ಣುವುದೂ ಆ ಬೋಗುಣಿಯಿಂದಲೇ.

“ದೊಡ್ಡೋರು ಬಂದು ನಮ್ಮ ಹೊಟ್ಟೆ ಕರುಳು ತಗೊಂಡು ಹೋಗ್ತಾರಂತೆ, ಹೌದಾ ಮಗಳೇ?”

“ತಗೊಂಡು ಹೋಗಲ್ಲ. ತೊಟ್ಟಿಗೆ ಹಾಕಿಸ್ತಾರೆ.”

“ನನ್ನ ಬೋಗುಣಿಗೆ ಎರಡೂ ಒಂದೇ.”

“ಇನ್ನೂ ತೀರ್ಮಾನ ಆಗಿಲ್ಲ. ಇವತ್ತು ಅವರಿಗೆ ಉರಿ ಕಂಡ್ರೆ ಆಗತ್ತೆ.”

ಉಮ್ಮ್ ಶಲಬಿ ಗುಮ್ಮಟವನ್ನು ನೋಡಿ ಸಮಾಧಾನದಿಂದ ತಲೆವಸ್ತ್ರ ಸರಿಮಾಡಿಕೊಂಡಳು. “ಅದರ ಹೊಟ್ಟೇಲಿ ಏನೂ ಇಲ್ಲ, ಉರಿ ಎಲ್ಲಿಂದ ಬರತ್ತೆ. ಇದ್ದದ್ದು ಇದ್ದ ಹಾಗೆ ಹೇಳ್ಬಿಡು. ಓದಿದೋಳು ನೀನು, ನಿನ್ನ ಮಾತು ಕೇಳ್ತಾರೆ.”

“ನೋಡೋಣ,” ಎಂದಳು ನಗ್ವಾ.

ನಡುಮಧ್ಯಾಹ್ನಕ್ಕೆ ಕಾರುಗಳು ಬಂದವು. ಕಸಾಯಿಖಾನೆಯ ನಿರ್ದೇಶಕ ಥರ್ವತ್ ಓಡಿ ಹೋಗಿ ಬಾಗಿಲು ತೆಗೆದ. ಇಳಿದ ಅಧಿಕಾರಿ ಕಪ್ಪು ಕನ್ನಡಕದವನು. ಮೂಗಿಗೆ ಕರವಸ್ತ್ರ ಹಿಡಿದೇ ಎಲ್ಲರ ಕೈ ಕುಲುಕಿದ. ಗೊಬ್ಬರದ ಚೀಲಗಳನ್ನು ಮೊದಲು ತೋರಿಸಿದರು. ಚೀಲ ಹೊಸದು, ಮೇಲಿನ ಅಚ್ಚು ಹೊಸದು, ಒಳಗಿದ್ದದ್ದು ಪಕ್ಕದ ಹೊಲದ ಎಮ್ಮೆಯ ಸಗಣಿ.

“ಮಣ್ಣಿನ ವಾಸನೆ. ಶುದ್ಧ,” ಎಂದ ಅಧಿಕಾರಿ.

ಆಮೇಲೆ ಎಲ್ಲರೂ ಕೊಳವೆಯ ತುದಿಯನ್ನು ನೋಡುತ್ತ ನಿಂತರು.

“ಎಲ್ಲಿ ಉರಿ?”

“ಉರೀತಿದೆ ಸಾರ್. ಬಿಸಿಲಿಗೆ ಕಾಣಲ್ಲ,” ಎಂದಳು ನಗ್ವಾ.

“ಒಳ್ಳೆ ಗ್ಯಾಸಿನ ಗುಣವೇ ಅದು,” ಎಂದ ಥರ್ವತ್.

ಬಯ್ಯೂಮಿ ಚಿಮಟದಲ್ಲಿ ಒಂದು ರೊಟ್ಟಿ ಹಿಡಿದ. ಏನೂ ಇಲ್ಲದ ಗಾಳಿಯಲ್ಲಿ ರೊಟ್ಟಿ ಉಬ್ಬಿತು, ಅಂಚು ಕಪ್ಪಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಧಿಕಾರಿ ಮುರಿದು ಬಾಯಿಗಿಟ್ಟ.

“ಸುಬ್ಹಾನಲ್ಲಾ. ರಕ್ತದ ವಾಸನೆ ಒಂಚೂರೂ ಇಲ್ಲ.” ಅವನು ನಗ್ವಾಳ ಕಡೆ ತಿರುಗಿದ. “ಇದು ಈ ತೊಟ್ಟಿದೇ ಗ್ಯಾಸ್ ತಾನೆ?”

ಗೇಟಿನಾಚೆ ಉಮ್ಮ್ ಶಲಬಿ ಕಂಬಿಗಳಿಗೆ ಮುಖ ಒತ್ತಿ ನಿಂತಿದ್ದಳು. ಒಂದು ಮಾತು ಸಾಕಿತ್ತು. ನಗ್ವಾ ಅಧಿಕಾರಿಯ ತುಟಿಗೆ ಅಂಟಿದ್ದ ರೊಟ್ಟಿಯ ಚೂರನ್ನು ನೋಡುತ್ತ ಆ ಮಾತಿಗಾಗಿ ಕಾದಳು, ಬೇರೆ ಯಾರೋ ಆಡುವವರಿದ್ದ ಹಾಗೆ. ಭಯವಾಗಿರಲಿಲ್ಲ. ಭಯವಾಗಿದ್ದರೆ ಒಂದು ಕಾರಣವಾದರೂ ಇರುತ್ತಿತ್ತು.

“ಕೊಳವೆ ತೊಟ್ಟಿಗೇ ಸೇರಿದೆ ಸಾರ್.”

ಅದು ಸುಳ್ಳಾಗಿರಲಿಲ್ಲ.

ಕಾರುಗಳು ಹೋದ ಮೇಲೆ ಥರ್ವತ್ ಟೈ ಸಡಿಲಿಸಿದ.

“ನಂಬಿದ್ರು. ಇನ್ನು ಅದನ್ನ ನಿಜ ಮಾಡಿದ್ರಾಯ್ತು. ಸಂಜೆಯಿಂದಲೇ ಎಲ್ಲಾ ತೊಟ್ಟಿಗೆ. ಗೇಟಿಗೆ ಬೀಗ.”

“ಹೆಂಗಸರು?”

“ಯಾವ ಹೆಂಗಸರು?”

ನಗ್ವಾ ಗೇಟಿನ ಕಡೆ ಗದ್ದ ತಿರುಗಿಸಿದಳು. ಥರ್ವತ್ ನೋಡಲಿಲ್ಲ. “ನೀನು ತುಂಬಾ ಸೂಕ್ಷ್ಮ,” ಎಂದ. “ಓದಿದೋರ ಕಷ್ಟವೇ ಇದು.”

ಮರುದಿನ ಶುಕ್ರವಾರವಾದ್ದರಿಂದ ಆ ಸಂಜೆ ಹೆಚ್ಚು ದನಗಳು ಬಿದ್ದವು. ತೊಟ್ಟಿಯ ಬಾಯಿಗೆ ಅರೆಯುವ ಯಂತ್ರವಿತ್ತು. ನಗ್ವಾ ಅದರ ಗುಂಡಿಯ ಹತ್ತಿರ ನಿಂತಳು. ಝನಾತಿ ಮೊದಲ ಹೊಟ್ಟೆಯನ್ನು ಎರಡೂ ತೋಳಲ್ಲಿ ತಬ್ಬಿಕೊಂಡು ತಂದ. ಇನ್ನೂ ಹಬೆಯಾಡುತ್ತಿತ್ತು.

“ಇದಕ್ಕೂ ಬಿಸ್ಮಿಲ್ಲಾ ಹೇಳ್ಬೇಕಾ?”

ಈ ಸಲ ಯಾರೂ ನಗಲಿಲ್ಲ. ಅವಳು ಗುಂಡಿ ಒತ್ತಿದಳು.

ಒಂದರ ಹಿಂದೆ ಒಂದು ಇಳಿದವು. ಎಷ್ಟೋ ವಾರಗಳ ಮೇಲೆ ತೊಟ್ಟಿಯ ಮಟ್ಟ ತೋರಿಸುವ ಮುಳ್ಳು ಅಲುಗಿ ಮೇಲೇರಿತು. ನಗ್ವಾಳಿಗೆ ಸಂತೋಷವಾಯಿತು. ಅದು ನಿಜವಾದ ಸಂತೋಷವೆಂದು ತಿಳಿದು, ಯಾರಾದರೂ ಕಂಡರೇನೋ ಎಂದು ಸುತ್ತ ನೋಡಿದಳು.

ಕೊನೆಯದೂ ಇಳಿಯಿತು. ಯಂತ್ರ ಬರಿದೇ ತಿರುಗತೊಡಗಿತು. ಅವಳು ನಿಲ್ಲಿಸಲಿಲ್ಲ; ಆ ಸದ್ದಿರುವಷ್ಟು ಹೊತ್ತು ಗೇಟಿನ ಕಡೆಯಿಂದ ಏನೂ ಕೇಳಿಸುವಂತಿರಲಿಲ್ಲ. ಚರಂಡಿಯ ಬಳಿ ಕಾದಿದ್ದ ಬೆಕ್ಕುಗಳು ಎದ್ದು, ಕಂಬಿಗಳ ಸಂದಿಯಲ್ಲಿ ಒಂದೊಂದಾಗಿ ಆಚೆಗೆ ದಾಟಿದವು. ಹೆಂಗಸರ ಖಾಲಿ ಬೋಗುಣಿಗಳ ನಡುವೆ ಬಾಲ ಮಡಿಸಿ ಕೂತು, ಅವರಂತೆಯೇ ಇತ್ತ ಮುಖ ಮಾಡಿದವು.

ಕರೆಂಟು ಸುಮ್ಮನೆ ಹೋಗುತ್ತಿದೆಯೆಂದು ಬಯ್ಯೂಮಿ ಬಂದು ಯಂತ್ರ ಆರಿಸಿದ.

“ಎಲ್ಲಾ ಬೇಡ ಮಗಳೇ,” ಎಂದಳು ಉಮ್ಮ್ ಶಲಬಿ. “ಒಂದು ಹೊಟ್ಟೆ ಕೊಡು.”