ಸಿಡಿಲಯ್ಯ ಸುಮ್ಮನಾದ ಹೊತ್ತು

ನಾಟಕಕ್ಕೆ ಇನ್ನೂ ಅರ್ಧ ಗಂಟೆ ಇರುವಾಗಲೇ ಕಾಂತರಾಜ್ ಮೂರು ಸಲ ನೀರು ಕುಡಿದು, ಎರಡು ಸಲ ಹೊರಗೆ ಹೋಗಿ ಬಂದಿದ್ದ. ಕೋಲಾರದ ಆ ಸಭಾಂಗಣದಲ್ಲಿ ಕುರ್ಚಿ ಮೆತ್ತಗಿತ್ತು, ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಆದರೂ ಅವನಿಗೆ ಮುಳ್ಳಿನ ಮೇಲೆ ಕೂತಂತಾಗುತ್ತಿತ್ತು. ಇಪ್ಪತ್ತೈದು ವರ್ಷಗಳಲ್ಲಿ ಈ ನಾಟಕವನ್ನು ಅವನು ಮುಂದಿನಿಂದ ನೋಡುತ್ತಿರುವುದು ಇದೇ ಮೊದಲು. ಸಾಲದ್ದಕ್ಕೆ, ಒಳಗೆ ಬಣ್ಣ ಹಚ್ಚಿಕೊಂಡು ಕೂತಿದ್ದ ನಾಯಕ ಅವನ ಮಗ ಆಂಜಿ.

ಕಾಂತರಾಜ್ ಸುಗಟೂರಿನ ಹಾಲಿನ ಡೈರಿಯಲ್ಲಿ ಸೆಕ್ರೆಟರಿ. ಅದು ಹೊಟ್ಟೆಪಾಡು. ಊರಿನವರಿಗೆ ಮಾತ್ರ ಅವನು ಪ್ರಾಂಪ್ಟ್ ಕಾಂತಣ್ಣ. ಮುನಿಶಾಮಿ ಮೇಷ್ಟ್ರು ಬರೆದು ಕಲಿಸಿದ ಸಿಡಿಲಯ್ಯನ ನಾಟಕ ಎಲ್ಲಿ ನಡೆದರೂ, ಪಕ್ಕದ ಪರದೆಯ ಮರೆಯಲ್ಲಿ ನೋಟ್‌ಬುಕ್ಕು ಹಿಡಿದು ಕೂತು, ಮಾತು ಮರೆತವರಿಗೆ ಮಾತು ಎತ್ತಿಕೊಡುವವನು ಅವನೇ. ಈಚೀಚೆಗೆ ನೋಟ್‌ಬುಕ್ಕು ಬರೀ ಶಾಸ್ತ್ರಕ್ಕೆ ಇರುತ್ತಿತ್ತು. ನಾಟಕವೆಲ್ಲ ಅವನ ನಾಲಿಗೆಯ ಮೇಲೇ ಇತ್ತು.

ಸಿಡಿಲಯ್ಯ ಹುಟ್ಟಿದ್ದು ಊರಿಗೆ ಟಿವಿ ಹೊಸದಾಗಿ ಬಂದ ಕಾಲದಲ್ಲಿ. ಪರದೇಶದ ಹಾರುವ ವೀರರನ್ನು ನೋಡಿ ಮಕ್ಕಳೆಲ್ಲ ಟವೆಲ್ಲು ಕುತ್ತಿಗೆಗೆ ಕಟ್ಟಿಕೊಂಡು ರೇಷ್ಮೆ ಹುಳು ಸಾಕುವ ಮನೆಯ ಸೂರಿನಿಂದ ಹಾರಿ ಕೈಕಾಲು ಮುರಿದುಕೊಳ್ಳುತ್ತಿದ್ದರು. ಅದನ್ನು ಕಂಡ ಮೇಷ್ಟ್ರು, ಹಾರುವವನೊಬ್ಬ ನಮ್ಮೂರಿಗೂ ಇರಲಿ ಎಂದು ಹಾರ್ಮೋನಿಯಂ ಮುಂದೆ ಕೂತು ಈ ನಾಟಕ ಬರೆದರು. ಕುರಿ ಕಾಯುವ ಹುಡುಗನೊಬ್ಬನಿಗೆ ಸಿಡಿಲು ಹೊಡೆಯುತ್ತದೆ. ಅವನು ಸಾಯುವುದಿಲ್ಲ, ಸಿಡಿಲೇ ಅವನ ಕೈಯೊಳಗೆ ಸೇರಿಕೊಳ್ಳುತ್ತದೆ. ಕೆಂಪು ರೇಷ್ಮೆಯ ಹೊದಿಕೆ ಹಾರಿಸುತ್ತ ಅವನು ಆಕಾಶದಿಂದ ಇಳಿದು ಬರುತ್ತಾನೆ. ಇಳಿಸುವುದಕ್ಕೆ ಬೋರ್‌ವೆಲ್ ಮೋಟರು ಎತ್ತುವವರ ಚೈನು, ರಾಟೆ ಇತ್ತು. ಒಮ್ಮೆ ರಾಟೆ ಕಚ್ಚಿಕೊಂಡು ಸಿಡಿಲಯ್ಯ ಹತ್ತು ನಿಮಿಷ ಗಾಳಿಯಲ್ಲೇ ನೇತಾಡಿದಾಗ, ಬರೆಯದೇ ಇದ್ದ ಇಪ್ಪತ್ತು ಸಾಲು ಮಾತನ್ನು ಅಲ್ಲೇ ಕಟ್ಟಿ ಮೇಲಕ್ಕೆ ಕಳಿಸಿದವನು ಕಾಂತರಾಜ್. ಜನ ಅದಕ್ಕೂ ಶಿಳ್ಳೆ ಹೊಡೆದಿದ್ದರು.

ಆದರೆ ನಾಟಕದ ಜೀವವೆಲ್ಲ ಒಂದು ಮಾತಿನಲ್ಲಿತ್ತು. ಕತ್ತಲೆಯ ಒಡೆಯ ಕಾಳರಾಜ ಕೊನೆಯಲ್ಲಿ ಕೇಳುತ್ತಾನೆ: "ನಿನಗೆ ಭಯವಿಲ್ಲವೇ?" ಸಿಡಿಲಯ್ಯ ಎದೆ ತಟ್ಟಿ ಗುಡುಗುತ್ತಾನೆ: "ಎಲೈ ಕಾಳರಾಜ, ಭಯವೆಂಬುದು ಹುಟ್ಟುವ ಮೊದಲೇ ಹುಟ್ಟಿದವನು ಈ ಸಿಡಿಲಯ್ಯ!" ಸುಗಟೂರಿನ ಮಕ್ಕಳು ಇಂಜೆಕ್ಷನ್ನು ಹಾಕಿಸಿಕೊಳ್ಳುವಾಗ ಈ ಮಾತು ಹೇಳಿಯೇ ಕಣ್ಣು ಮುಚ್ಚುತ್ತಿದ್ದರು. ಕಾಂತರಾಜ್ ಕೂಡ, ಮದುವೆಯ ದಿನ ಮಾವನ ಮುಂದೆ ನಿಲ್ಲುವಾಗ, ಮನಸ್ಸಿನಲ್ಲೇ ಹೇಳಿಕೊಂಡಿದ್ದ.

ಅಂಥ ನಾಟಕಕ್ಕೆ ಈಗ ಬೇರೆ ಕೈ ಬಿದ್ದಿತ್ತು. ಮುಳಬಾಗಿಲಿನ ಶ್ರೀವಾಣಿ ನಾಟಕದ ಶಾಲೆಯಲ್ಲಿ ಕಲಿತು ಬಂದು ಕೋಲಾರದಲ್ಲಿ ತಂಡ ಕಟ್ಟಿದ್ದಳು. ತಾಂಬೂಲ ಹಿಡಿದು ಮೇಷ್ಟ್ರ ಮನೆಗೆ ಬಂದು, ಸಿಡಿಲಯ್ಯನನ್ನು ನನ್ನ ರೀತಿಯಲ್ಲಿ ಆಡಿಸಲೇ ಎಂದು ಕೇಳಿದಳು. ಮೇಷ್ಟ್ರು ಒಪ್ಪಿಬಿಟ್ಟರು. ಎಪ್ಪತ್ತನಾಲ್ಕರ ಮುದುಕನಿಗೆ ಅದೇನು ಅನ್ನಿಸಿತೋ ಯಾರಿಗೂ ತಿಳಿಯಲಿಲ್ಲ. ಒಂದು ಪದ ಬದಲಾಯಿಸಿದ ತಪ್ಪಿಗೆ ಕ್ಯಾಲನೂರಿನಲ್ಲಿ ನಡುನಾಟಕದಲ್ಲೇ ರಂಗಕ್ಕೆ ಹತ್ತಿ ಪಾತ್ರಧಾರಿಯ ಮೀಸೆ ಕಿತ್ತ ಮನುಷ್ಯ ಅವರು.

"ಪ್ರಾಂಪ್ಟಿಗೆ ನಮ್ಮ ಕಾಂತ ಬರ್ತಾನೆ," ಎಂದರು ಮೇಷ್ಟ್ರು.

"ನಮ್ಮಲ್ಲಿ ಪ್ರಾಂಪ್ಟ್ ಇರಲ್ಲ ಮೇಷ್ಟ್ರೇ. ಕಾಂತಣ್ಣ ನಿಮ್ ಜೊತೆ ಮುಂದೆ ಕೂತು ನೋಡ್ಲಿ," ಎಂದಳು ಶ್ರೀವಾಣಿ. ತಾಲೀಮಿಗೂ ಯಾರನ್ನೂ ಬಿಟ್ಟುಕೊಳ್ಳಲಿಲ್ಲ.

ಅದನ್ನಾದರೂ ಕಾಂತರಾಜ್ ನುಂಗಿಕೊಳ್ಳುತ್ತಿದ್ದ. ಆದರೆ ಅವಳು ಸಿಡಿಲಯ್ಯನ ಪಾತ್ರಕ್ಕೆ ಆಂಜಿಯನ್ನು ಆರಿಸಿದ್ದಳು. ಮಂಡಿಗೆ ಟೊಮೆಟೊ ಸಾಗಿಸುವ ಪಿಕಪ್ಪಿನಲ್ಲಿ ಅವಳ ತಂಡದ ಸಾಮಾನು ಹೊತ್ತುಕೊಂಡು ಹೋದವನು, ಪಾತ್ರ ಹೊತ್ತುಕೊಂಡು ಬಂದ.

ಆಂಜಿ ಕೊನೆಯ ಸಲ ರಂಗ ಹತ್ತಿ ಹದಿಮೂರು ವರ್ಷವಾಗಿತ್ತು. ಹತ್ತು ವರ್ಷದವನಿದ್ದಾಗ ಇದೇ ನಾಟಕದಲ್ಲಿ ಅವನಿಗೊಂದು ಸಣ್ಣ ಪಾತ್ರವಿತ್ತು, ಇದ್ದದ್ದು ಒಂದೇ ಮಾತು: "ಅಣ್ಣಾ, ನನ್ನ ಮರಿ ಕಂಡೆಯಾ?" ರಂಗಕ್ಕೆ ಬಂದವನು ಅದನ್ನೇ ಮರೆತು ನಿಂತ. ಹೆತ್ತ ಕರುಳು ಕೇಳಬೇಕಲ್ಲ, ಕಾಂತರಾಜ್ ಮರೆಯಿಂದ ಎತ್ತಿಕೊಟ್ಟ. ಮಗನಿಗೆ ಕೇಳಲಿಲ್ಲವೆಂದು ಇನ್ನೂ ಜೋರಾಗಿ ಕೊಟ್ಟ. ಅದು ಮೈಕಿಗೆ ಸಿಕ್ಕಿ ಇಡೀ ಊರಿಗೆ ಕೇಳಿತು. ಮೂರನೆಯ ಸಲ ಜನರೇ ಒಟ್ಟಿಗೆ ಆ ಮಾತು ಕೂಗಿ ನಕ್ಕರು. ಹುಡುಗ ಅಳುತ್ತ ಇಳಿದು ಓಡಿಹೋದ. "ಏನ್ಲಾ ಆಂಜಿ, ಮರಿ ಸಿಕ್ತಾ?" ಎಂದು ಕೇಳುವವರು ಊರಿನಲ್ಲಿ ಈಗಲೂ ಇದ್ದಾರೆ. ಅಂಥ ನಾಲಿಗೆಗೆ ಹುಳ ಬೀಳಬೇಕು. ಆದರೆ ಮಗನಿಗೆ ಆ ಕೆಟ್ಟ ಹೆಸರು ತಂದವನು ತಾನೇ ಎಂಬುದು ಕಾಂತರಾಜನಿಗೆ ಗೊತ್ತಿತ್ತು.

ಬೆಳಿಗ್ಗೆ ಮನೆ ಬಿಡುವಾಗ ಆಂಜಿ ಅಪ್ಪನ ಮುಖ ನೋಡದೆ ಹೇಳಿದ್ದ: "ಅಪ್ಪಾ, ಏನೇ ಆಗ್ಲಿ. ನೀನು ಬಾಯಿ ಬಿಡ್ಬೇಡ."

"ಬಿಡಲ್ಲ ಕಣೋ."

"ಅಮ್ಮನ ತಲೆ ಮುಟ್ಟಿ ಹೇಳು."

ಗಂಗಾ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ಕಾಂತರಾಜ್ ಹೋಗಿ ಅವಳ ತಲೆ ಮುಟ್ಟಿದ. "ನನ್ ತಲೆನೇ ಸಿಕ್ತಾ ಇಬ್ರಿಗೂ," ಎಂದು ಅವಳು ಗೊಣಗಿದಳು. ಆಣೆಯೇನೋ ಆಯಿತು. ಆದರೂ ಹೊರಡುವಾಗ ಅವನ ಕೈ ತಾನಾಗಿ ನೋಟ್‌ಬುಕ್ಕನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡಿತ್ತು. ಹುಟ್ಟುಗುಣ ಸುಟ್ಟರೂ ಹೋಗದು.

ಸಭಾಂಗಣದ ಅರ್ಧ ಭಾಗ ಸುಗಟೂರಿನವರೇ ತುಂಬಿದ್ದರು. ಟೆಂಪೊ ಮಾಡಿಕೊಂಡು ಬಂದ ಹೆಂಗಸರು ಸಂಜೆ ಹಸು ಕರೆಯುವ ಹೊತ್ತಿಗೆ ಬಿಡುತ್ತಾರೋ ಇಲ್ಲವೋ ಎಂದು ವಿಚಾರಿಸುತ್ತಿದ್ದರು. ಕಾಂತರಾಜನ ಎಡಕ್ಕೆ ಮೇಷ್ಟ್ರು, ಬಲಕ್ಕೆ ಗಂಗಾ, ಬೆನ್ನ ಹಿಂದೆ ಅವನ ಸೋದರತ್ತೆ ಆದಿಲಕ್ಷ್ಮಮ್ಮ. ದೀಪ ಆರಿತು.

ರಾಟೆ ಇರಲಿಲ್ಲ. ಸಿಡಿಲಯ್ಯ ಮೇಲಿನಿಂದ ಇಳಿಯಲಿಲ್ಲ, ಪಕ್ಕದಿಂದ ನಡೆದು ಬಂದ. ಕೆಂಪು ಹೊದಿಕೆಯ ಬದಲು ಹಳೆಯ ಕಂಬಳಿ ಇತ್ತು. ಎರಡು ಕೈಗೂ ಒದ್ದೆ ಗೋಣಿ ಸುತ್ತಿಕೊಂಡಿದ್ದ. ಹಿಂದಿನ ಸಾಲುಗಳಲ್ಲಿ ಗುಸುಗುಸು ಶುರುವಾಯಿತು.

"ಏಮಿರಾ ಇದಿ?" ಎಂದರು ಮೇಷ್ಟ್ರು. ಸಿಟ್ಟು ಬಂದರೆ ಅವರಿಗೆ ಕನ್ನಡ ಹೋಗಿ ತೆಲುಗು ಬರುತ್ತಿತ್ತು. ಕಾಂತರಾಜನಿಗೆ ಕ್ಯಾಲನೂರಿನ ಮೀಸೆ ನೆನಪಿಗೆ ಬಂತು.

ರಂಗದ ಮೇಲೆ ಸಿಡಿಲಯ್ಯನ ತಾಯಿ ಊಟ ತಂದಳು. ಅವನು ಹತ್ತಿರ ಬರಬೇಡವೆಂದು ತಲೆಯಾಡಿಸಿದ. ಅವಳು ಮುದ್ದೆಯನ್ನು ಒಂದು ಕಲ್ಲಿನ ಮೇಲಿಟ್ಟು ಹತ್ತು ಹೆಜ್ಜೆ ಹಿಂದೆ ಸರಿದು ನಿಂತಳು. ಅವಳು ಸರಿದ ಮೇಲೆಯೇ ಅವನು ಬಂದು, ಕುಕ್ಕರಗಾಲಿನಲ್ಲಿ ಕೂತು, ಬಗ್ಗಿ, ಬಾಯಿಯಿಂದಲೇ ತಿಂದ. ತನ್ನ ಕೈಯಲ್ಲಿರುವ ಸಿಡಿಲು ಯಾರಿಗೆ ತಾಗೀತೋ ಎಂಬ ಹೆದರಿಕೆ ಅವನಿಗೆ. ಕುರಿಮರಿ ಹತ್ತಿರ ಬಂದರೂ ಕೈ ಕಂಕುಳಿಗೆ ಸೇರಿಸಿಕೊಂಡು ಹಿಂದಕ್ಕೆ ಸರಿಯುತ್ತಿದ್ದ.

ಗಂಗಾ ಸೆರಗಿನಿಂದ ಮೂಗು ಒರೆಸಿಕೊಂಡಳು. ಕಾಂತರಾಜನಿಗೆ ಮೊದಲು ರೇಗಿತು. ನಮ್ಮ ಸಿಡಿಲಯ್ಯ ಹೀಗೆ ನಾಯಿಯಂತೆ ತಿನ್ನುವುದೇ? ಆದರೆ ಕಣ್ಣು ಕೀಳಲು ಆಗಲಿಲ್ಲ. ಇಪ್ಪತ್ತೈದು ವರ್ಷ ಸಿಡಿಲಯ್ಯನ ಮಾತೆಲ್ಲ ತನ್ನ ಬಾಯಲ್ಲಿತ್ತು. ಸಿಡಿಲು ಕೈಯಲ್ಲಿಟ್ಟುಕೊಂಡವನು ಊಟ ಹೇಗೆ ಮಾಡುತ್ತಾನೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಈ ಹುಡುಗಿ ಯೋಚಿಸಿದ್ದಳು. ತಾನು ಅಷ್ಟು ಪ್ರೀತಿಸಿದವನ ಕಷ್ಟ ತನಗೇ ಗೊತ್ತಿರಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಆ ನಾಚಿಕೆ ಆರುವ ಮೊದಲೇ ಕೊನೆಯ ದೃಶ್ಯ ಬಂತು. ಕಾಳರಾಜ ಊರನ್ನೆಲ್ಲ ಕತ್ತಲಲ್ಲಿ ಕೂಡಿಹಾಕಿ ನಗುತ್ತ ಕೇಳಿದ: "ನಿನಗೆ ಭಯವಿಲ್ಲವೇ?"

ಆಂಜಿ ಮಾತಾಡಲಿಲ್ಲ.

ಸುಗಟೂರಿನ ನಾಟಕದಲ್ಲಿ ಯಾರೂ ಸುಮ್ಮನೆ ನಿಲ್ಲುವುದಿಲ್ಲ. ನಿಂತರೆ ಮಾತು ಮರೆತ ಎಂದೇ ಅರ್ಥ. ಒಂದು ಉಸಿರು, ಎರಡು ಉಸಿರು, ಐದು ಉಸಿರಾಯಿತು. ಆಂಜಿ ತಲೆ ತಗ್ಗಿಸಿ ಗೋಣಿ ಸುತ್ತಿದ ಕೈಗಳನ್ನೇ ನೋಡುತ್ತಿದ್ದ.

"ಮರ್ತ್‌ಬಿಟ್ಟ ಕಣ್ಲಾ," ಎಂದು ಯಾರೋ ಹಿಂದಿನಿಂದ ಅಂದರು. ಇನ್ಯಾರೋ ಕಿಸಕ್ಕನೆ ನಕ್ಕರು. ಆದಿಲಕ್ಷ್ಮಮ್ಮ ಅವನ ಭುಜ ತಿವಿದಳು. "ಕಾಂತಾ, ಕೊಡಪ್ಪ ಮಾತು. ಮಗು ಒದ್ದಾಡ್ತೈತೆ."

'ಎಲೈ' ಎಂಬ ಪದ ಕಾಂತರಾಜನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಬಿಟ್ಟರೆ ಮಗ ಉಳಿದ, ಇಲ್ಲವೆ ಮತ್ತೆ ಹದಿಮೂರು ವರ್ಷ ಮುಖ ಮುಚ್ಚಿಕೊಂಡು ತಿರುಗಿದ. ಅಥವಾ ಇದು ಶ್ರೀವಾಣಿ ಹೇಳಿಕೊಟ್ಟ ಮೌನವೇ ಆಗಿದ್ದರೆ, ಬಾಯಿ ಬಿಟ್ಟು ಮಗನನ್ನು ಕೊಂದವನು ಎರಡನೆಯ ಸಲವೂ ಅಪ್ಪನೇ ಆಗುತ್ತಿದ್ದ.

"ಕೊಡೋ," ಎಂದರು ಮೇಷ್ಟ್ರು, ಅವನ ತೊಡೆ ಹಿಸುಕಿ.

ಮಾತು ಮರೆತವರನ್ನು ಕಾಂತರಾಜ್ ನೂರಾರು ಸಲ ನೋಡಿದ್ದ. ಮರೆತವನ ಕಣ್ಣು ಮೊದಲು ಪಕ್ಕದ ಪರದೆಗೆ ಓಡುತ್ತದೆ, ಆಮೇಲೆ ಗಂಟಲು ಉಬ್ಬುತ್ತದೆ. ಆಂಜಿಯ ಕಣ್ಣು ಕೈ ಬಿಟ್ಟು ಕದಲಿರಲಿಲ್ಲ. ಕೈಯಿಂದ ಮುದ್ದೆ ತಿನ್ನಲು ಹೆದರಿದವನನ್ನು ಭಯವಿಲ್ಲವೇ ಎಂದು ಕೇಳಿದರೆ ಅವನು ಎದೆ ತಟ್ಟಿ ಗುಡುಗುತ್ತಾನೆಯೇ? ಹಳೆಯ ಮಾತು ಈ ಸಿಡಿಲಯ್ಯನ ಬಾಯಿಗೆ ಹೊಂದುವುದೇ ಇಲ್ಲ.

ಹಿಂದಿನ ಸಾಲಿನವರು ತಾವೇ ಶುರುಮಾಡಿದರು: "ಎಲೈ ಕಾಳರಾಜ..." ಮೇಷ್ಟ್ರು ಕುರ್ಚಿಯ ಕೈ ಹಿಡಿದು ಎದ್ದರು. ಕಾಂತರಾಜ್ ಜೀವಮಾನದಲ್ಲಿ ಮೊದಲ ಸಲ ಮೇಷ್ಟ್ರ ಮಣಿಕಟ್ಟು ಹಿಡಿದು ಕೆಳಕ್ಕೆ ಎಳೆದ.

"ಕೂತ್ಕೊಳ್ಳಿ ಮೇಷ್ಟ್ರೇ. ಅವನು ಮರ್ತಿಲ್ಲ. ಹೆದರ್ಕೊಂಡವ್ನೆ."

"ಸಿಡಿಲಯ್ಯ ಹೆದರ್ತಾನೇನೋ?"

"ಹೆದರ್ತಾನೆ. ನಾವು ಕೇಳಿರ್ಲಿಲ್ಲ ಅಷ್ಟೇ." ಆಮೇಲೆ ಕಾಂತರಾಜ್ ಹಿಂದಕ್ಕೆ ತಿರುಗಿ, ಡೈರಿಯಲ್ಲಿ ಸಾಲು ತಪ್ಪಿದವರನ್ನು ನೋಡುವಂತೆ ನೋಡಿ, ತುಟಿಯ ಮೇಲೆ ಬೆರಳಿಟ್ಟ. ಪ್ರಾಂಪ್ಟ್ ಕಾಂತಣ್ಣನೇ ಸುಮ್ಮನಿರಿ ಅಂದಮೇಲೆ ಊರಿನವರು ಬಾಯಿ ಮುಚ್ಚಿಕೊಂಡರು. ಗಂಗಾ ಅವನ ಕೈ ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಐತೆ," ಎಂದ ಆಂಜಿ.

ಜೋರಾಗಿ ಹೇಳಲಿಲ್ಲ. ಮನೆಯಲ್ಲಿ ಮಾತಾಡುವ ಹಾಗೆ ಹೇಳಿದ. "ಐತೆ. ಬೋ ಭಯ ಐತೆ. ಆದ್ರೂ ಬಂದಿವ್ನಿ." ಒಂದು ಕೈಯ ಗೋಣಿ ಬಿಚ್ಚಿದ. ತಾಯಿಯ ಪಾತ್ರದವಳು ನಡೆದು ಬಂದು ಆ ಬರಿಗೈಯನ್ನು ಹಿಡಿದುಕೊಂಡಳು. ಅವಳಿಗೆ ಏನೂ ಆಗಲಿಲ್ಲ. ರಂಗದ ಮೇಲೆ ನಿಧಾನವಾಗಿ ಬೆಳಕು ಬಂತು.

ಚಪ್ಪಾಳೆ ಬಿತ್ತು. ಬಿದ್ದ ಮೇಲೆ ನಿಲ್ಲಲಿಲ್ಲ. ಮೇಷ್ಟ್ರು ಚಪ್ಪಾಳೆ ತಟ್ಟಲಿಲ್ಲ, ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತ ಕೂತಿದ್ದರು. ಶ್ರೀವಾಣಿ ಹೆದರುತ್ತಲೇ ಇಳಿದು ಬಂದು ಅವರ ಕಾಲು ಮುಟ್ಟಿದಳು.

"ಎಷ್ಟು ಹೊತ್ತು ಸುಮ್ನೆ ನಿಲ್ಲು ಅಂತ ಹೇಳ್ಕೊಟ್ಟಿದ್ದೆ ತಾಯಿ?"

"ಮೂರು ಉಸಿರು ಮೇಷ್ಟ್ರೇ. ಇವತ್ತು ಯಾಕೋ ತುಂಬಾ ಉದ್ದ ಆಯ್ತು."

"ಅಷ್ಟೇ ಇರ್ಲಿ," ಎಂದರು ಮೇಷ್ಟ್ರು. ಕನ್ನಡಕ ಹಾಕಿಕೊಂಡು, "ಬಾಗುಂದಿ," ಎಂದರು. ಅವರಿಗೆ ಸಂತೋಷದಲ್ಲೂ ತೆಲುಗು ಬರುತ್ತದೆ ಎಂಬುದು ಕಾಂತರಾಜನಿಗೆ ಅಂದೇ ಗೊತ್ತಾದದ್ದು.

ಒಳಗೆ ಆಂಜಿ ಒಬ್ಬನೇ ಬೆಂಚಿನ ಮೇಲೆ ಕೂತು ಬಣ್ಣ ಒರೆಸಿಕೊಳ್ಳುತ್ತಿದ್ದ. ಕಾಂತರಾಜ್ ಪಕ್ಕದಲ್ಲಿ ಕೂತ.

"ಅಪ್ಪಾ," ಎಂದು ಆಂಜಿಯೇ ಶುರುಮಾಡಿದ, ಸುತ್ತ ನೋಡಿ, ದನಿ ತಗ್ಗಿಸಿ. "ನಿಜಕ್ಕೂ ಮರ್ತೋಗಿತ್ತು."

"ಏನು?"

"ಐತೆ ಅನ್ನೋದು. ಒಂದೇ ಮಾತು, ಅದೂ ಹೋಯ್ತು. ಕೈ ನೋಡ್ತಾ ನಿಂತೆ, ಅಷ್ಟೇ. ಕಿವಿ ಪೂರ್ತಿ ನಿನ್ ಕಡೆ ಇತ್ತು. ಈಗ ಕೊಡ್ತಾನೆ, ಈಗ ಕೊಡ್ತಾನೆ ಅಂತ. ನೀನು ಬಾಯಿ ಬಿಡ್ಲಿಲ್ಲ. ಅಪ್ಪನೇ ಸುಮ್ನವ್ನೆ ಅಂದ್ರೆ ಎಲ್ಲಾ ಸರಿಯಾಗೇ ನಡೀತೈತೆ ಅಂದ್ಕೊಂಡೆ. ಆಗ ಬಂತು ಮಾತು."

ಕಾಂತರಾಜ್ ಇಪ್ಪತ್ತೈದು ವರ್ಷದ ಅನುಭವ ಎಂದು ಜಂಬಪಟ್ಟದ್ದೆಲ್ಲ ತಲೆಕೆಳಗಾಗಿತ್ತು. ಅವನಿಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಎರಡನ್ನೂ ತಡೆದುಕೊಂಡು ಟವೆಲ್ಲು ತೆಗೆದು ಮಗನ ಕಿವಿಯ ಹಿಂದಿನ ಬಣ್ಣ ಒರೆಸತೊಡಗಿದ.

ಆಗ ಬಾಗಿಲಲ್ಲಿ ಆದಿಲಕ್ಷ್ಮಮ್ಮ ಇಣುಕಿದಳು. "ಟೆಂಪೊ ಹೊರಡ್ತೈತೆ, ಹಸು ಒದರ್ತಾವೆ ಬನ್ರೋ. ಲೋ ಕಾಂತಾ, ನಿಜ ಹೇಳು, ನಡುವೆ ಹುಡುಗ ಮಾತು ಮರ್ತಿದ್ದ ತಾನೆ?"

"ಇಲ್ಲತ್ತೆ," ಎಂದ ಕಾಂತರಾಜ್. "ನಾಟಕನೇ ಹಂಗಿರೋದು."

ಅವಳು ಹೋದ ಮೇಲೆ ಆಂಜಿ ಅಪ್ಪನ ಮಡಿಲಲ್ಲಿದ್ದ ಚೀಲವನ್ನು ನೋಡಿದ. ನೋಟ್‌ಬುಕ್ಕಿನ ಮೂಲೆ ಹೊರಗೆ ಕಾಣುತ್ತಿತ್ತು. ಅವನು ಅದನ್ನು ಬೆರಳಿನಿಂದ ಒಳಕ್ಕೆ ತಳ್ಳಿದ.

"ಬರೋ ಭಾನುವಾರ ಮಾಲೂರಲ್ಲಿ ಐತೆ ನಾಟಕ. ಬರ್ತೀಯಾ?"

"ಬರ್ತೀನಿ."

"ಮುಂದೇನೇ ಕೂತ್ಕೋ. ನಾನು ಮರ್ತ್ರೆ ಇವತ್ತಿನಂಗೇ ಸುಮ್ನಿರು."